ಪ್ರಶ್ನೆ ಚಿಹ್ನೆ ಫಾಂಟಿನ ದೋಷವಲ್ಲ

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ತಂತ್ರಾಂಶಗಳನ್ನು ಓಡಿಸುವ ಸರ್ವರುಗಳಲ್ಲಿ ದೋಷ ಹುಡುಕುವುದೇ ನನ್ನ ಕಸುಬು. ಮೆಮೊರಿ ತುಂಬಿಹೋಗುವುದು, ಡೇಟಾಬೇಸ್ ಕನೆಕ್ಷನ್ನುಗಳು ಖಾಲಿಯಾಗುವುದು, ಥ್ರೆಡ್ಡುಗಳು ಒಂದನ್ನೊಂದು ಕಾಯುತ್ತ ಕೂರುವುದು, ಇವೆಲ್ಲ ನಿತ್ಯದ ವ್ಯವಹಾರ. ಇವುಗಳಲ್ಲಿ ಜನ ಮೊದಲು ದಾರಿ ತಪ್ಪಿದರೂ ಸ್ಟ್ಯಾಕ್ ಟ್ರೇಸನ್ನು, ಅಂದರೆ ದೋಷ ಕೋಡಿನಲ್ಲಿ ಎಲ್ಲಿ ಆಯಿತೆಂದು ತೋರಿಸುವ ಪಟ್ಟಿಯನ್ನು, ಕೊನೆಯ ಸಾಲಿನವರೆಗೆ ಓದಿಸಿದರೆ ಹೆಚ್ಚಿನವರು ತಾವೇ ದಾರಿಗೆ ಬರುತ್ತಾರೆ. ಒಂದು ದೋಷದಲ್ಲಿ ಮಾತ್ರ ಯಾವ ಸ್ಟ್ಯಾಕ್ ಟ್ರೇಸೂ ಇರುವುದಿಲ್ಲ, ಯಾವ ಎಕ್ಸೆಪ್ಷನ್ನೂ (ದೋಷದ ಸೂಚನೆಯೂ) ಬರುವುದಿಲ್ಲ, ಸರ್ವರ್ ಆರೋಗ್ಯವಾಗಿಯೇ ಓಡುತ್ತಿರುತ್ತದೆ. ಫೋನಿನಲ್ಲಿ ಬರುವ ಮಾತು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ: "ಸಾರ್, ಕನ್ನಡವೆಲ್ಲ ಪ್ರಶ್ನೆ ಚಿಹ್ನೆಯಾಗಿ ಬರುತ್ತಿದೆ. ಎಲ್ಲಾ ಸಿಸ್ಟಮ್ಮಿಗೂ ಫಾಂಟ್ ಹಾಕಿ ನೋಡಿದೆವು, ಸರಿಹೋಗಲಿಲ್ಲ."

ಫಾಂಟ್ ಹಾಕುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಏಕೆಂದರೆ ಆ ಅಭ್ಯಾಸಕ್ಕೆ ಗೌರವಾನ್ವಿತವಾದ ಇತಿಹಾಸವಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಅದರ ಜೊತೆಗೆ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳು ನಮ್ಮ ಕಚೇರಿಗಳಲ್ಲಿ ನೆಲೆಯೂರಿದ ಕಾಲದಲ್ಲಿ, ಕಡತದೊಳಗೆ ಕುಳಿತಿರುತ್ತಿದ್ದದ್ದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪತ್ರವೆಲ್ಲ ಗೋಜಲು, ಫಾಂಟ್ ಹಾಕಿದ ಕೂಡಲೇ ಪತ್ರ ಮರಳಿ ಕನ್ನಡ. ಎಷ್ಟೋ ವರ್ಷ ಆ ಮದ್ದು ನಾಟಿದ್ದರಿಂದ ಅದರ ಮೇಲೆ ನಂಬಿಕೆ ಬೆಳೆದಿದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ 'ಕ' ಎಂಬುದಕ್ಕೆ 3221 ಎಂಬ ತನ್ನದೇ ಸಂಖ್ಯೆಯಿದೆ. ಫಾಂಟ್ ಇರಲಿ ಬಿಡಲಿ, ಆ ಸಂಖ್ಯೆ ಬದಲಾಗುವುದಿಲ್ಲ.

ಆದ್ದರಿಂದ ತೆರೆಯ ಮೇಲೆ ಕಾಣುವುದು ಏನು ಎಂಬುದನ್ನು ಮೊದಲು ಸರಿಯಾಗಿ ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ. ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಅದು ನಿಜಕ್ಕೂ ಫಾಂಟಿನ ಕೊರತೆ; ದತ್ತಾಂಶ ಕ್ಷೇಮವಾಗಿದೆ, ಚಿಂತೆ ಬೇಡ. ನೆತ್ತಿಯ ಮೇಲೆ ಓರೆಗೀಟು ಇರುವ ಇಂಗ್ಲಿಷ್ 'ಎ', ಅದರ ಭುಜದ ಮೇಲೆ ಚಿಕ್ಕ 2 ಅಥವಾ ಚಿಕ್ಕ 3, ಮತ್ತೆ ಅದೇ 'ಎ', ಹೀಗೆ ಸಾಲುಗಟ್ಟಿದ್ದರೆ ಅದು ಯುಟಿಎಫ್-8ರಲ್ಲಿ (ಯುನಿಕೋಡ್ ಸಂಖ್ಯೆಗಳನ್ನು ಬೈಟುಗಳಾಗಿ ಬರೆಯುವ ಎನ್‌ಕೋಡಿಂಗ್) ಬಂದ ಕನ್ನಡವನ್ನು ಯಾರೋ ಪಶ್ಚಿಮ ಯುರೋಪಿನ ಭಾಷೆಗಳ ಸಂಕೇತಪಟ್ಟಿಯಾದ ಐಎಸ್‌ಒ-8859-1 ಎಂದು ತಪ್ಪಾಗಿ ಓದಿದ ಗುರುತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳಾಗುತ್ತದೆ; ಬೈಟು ಎಂದರೆ 0ರಿಂದ 255ರವರೆಗಿನ ಒಂದು ಸಂಖ್ಯೆ. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಅಥವಾ 179. ಆ 'ಎ', ಆ ಚಿಕ್ಕ 2, ಆ ಚಿಕ್ಕ 3 ಈ ಸಂಖ್ಯೆಗಳೇ ಹೊರತು ಬೇರೇನಲ್ಲ. ನೋಡಲು ಭೀಕರವಾಗಿದ್ದರೂ ಇಲ್ಲಿ ಬೈಟುಗಳು ಸಾಮಾನ್ಯವಾಗಿ ಉಳಿದಿರುತ್ತವೆ.

ಪ್ರಶ್ನೆ ಚಿಹ್ನೆಯದು ಬೇರೆಯೇ ಜಾತಿ, ಮತ್ತು ನನ್ನ ಗ್ರಾಹಕರು ಹತ್ತು ಸಲ ಹೇಳಿದರೂ ಒಪ್ಪದ ಮಾತು ಇದೊಂದೇ, ಹಾಗಾಗಿ ಹನ್ನೊಂದನೆಯ ಸಲ ಹೇಳುತ್ತೇನೆ. ಜಾವಾದ ಸ್ಟ್ರಿಂಗಿನಲ್ಲಿ, ಅಂದರೆ ಅಕ್ಷರಗಳ ಸರಣಿಯಲ್ಲಿ, ಇರುವ 'ಕ'ವನ್ನು, 'ಕ' ಎಂಬ ಅಕ್ಷರವೇ ಇಲ್ಲದ ಸಂಕೇತಪಟ್ಟಿಗೆ ಬರೆಯಲು ಹೇಳಿದರೆ, ಜಾವಾ ದೂರುವುದಿಲ್ಲ, ನಿಲ್ಲುವುದಿಲ್ಲ. ಸದ್ದಿಲ್ಲದೆ 'ಕ'ವನ್ನು ಎಸೆದು ಆ ಜಾಗದಲ್ಲಿ 63 ಎಂಬ ಬೈಟನ್ನು ಇಟ್ಟು ಮುಂದೆ ಹೋಗುತ್ತದೆ. 63 ಎಂದರೆ ಅಪ್ಪಟ ಪ್ರಶ್ನೆ ಚಿಹ್ನೆ, ಕೀಲಿಮಣೆಯಿಂದ ನೀವೇ ಒತ್ತಿದರೆ ಬರುವ ಅದೇ ಚಿಹ್ನೆ. 'ಕ' ಹೋದಾಗಲೂ 63, 'ಳ' ಹೋದಾಗಲೂ 63. ಅದರ ಹಿಂದೆ ಕನ್ನಡ ಅಡಗಿ ಕುಳಿತಿಲ್ಲ. ಡೇಟಾಬೇಸಿನಲ್ಲಿ 63 ಕುಳಿತಿದ್ದರೆ ಯಾವ ಫಾಂಟೂ, ಯಾವ ಪ್ಯಾಚೂ, ಯಾವ ಕನ್ಸಲ್ಟೆಂಟೂ ಅಲ್ಲಿಂದ ಹೆಸರನ್ನು ಹೊರತೆಗೆಯಲಾರರು. ಕಪ್ಪು ವಜ್ರಾಕೃತಿಯೊಳಗೆ ಕಾಣುವ ಪ್ರಶ್ನೆ ಚಿಹ್ನೆ, ಅಂದರೆ 65533, ಓದುವಾಗ ಆದ ನಷ್ಟದ ಗುರುತು. ಅದು ಹಾಗೆಯೇ ಸಂಗ್ರಹವಾಗಿದ್ದರೆ ಅದರ ಗತಿಯೂ ಇದೇ.

ಆದರೆ 63 ಎಲ್ಲಿ ಹುಟ್ಟಿತು ಎಂಬುದನ್ನು ಸರ್ವರ್ ತನ್ನ ದಿನಚರಿ ಬರೆಯುವ ಲಾಗ್ ಫೈಲಿನಲ್ಲಿ ನೋಡಿ ತೀರ್ಮಾನಿಸುವಂತಿಲ್ಲ. ಲಾಗ್ ಬರೆಯುವುದೂ ಸಂಕೇತಗಳನ್ನು ಬೈಟುಗಳಾಗಿಸುವ ಕೆಲಸವೇ ಆದ್ದರಿಂದ, ಸ್ಟ್ರಿಂಗ್ ಸರಿಯಾಗಿದ್ದು ಲಾಗಿನಲ್ಲಿ ಮಾತ್ರ ಪ್ರಶ್ನೆ ಚಿಹ್ನೆ ಕಾಣುವುದು ಸಾಮಾನ್ಯ. ಅದನ್ನು ನಂಬಿ ಸರಿಯಿದ್ದ ಕೋಡನ್ನು ಕೆಡಿಸಿದವರನ್ನು ಕಂಡಿದ್ದೇನೆ. ನಾನು ಅಕ್ಷರಗಳನ್ನು ಮುದ್ರಿಸುವುದೇ ಇಲ್ಲ, ಅಂಕಿಗಳನ್ನು ಮುದ್ರಿಸುತ್ತೇನೆ. ಅಂಕಿಗಳನ್ನು ಯಾವ ಎನ್‌ಕೋಡಿಂಗೂ ಕೆಡಿಸಲಾರದು. ಫಾರ್ಮಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಿ, ಸರ್ವ್ಲೆಟ್ಟಿಗೆ, ಅಂದರೆ ಬ್ರೌಸರಿನ ಕೋರಿಕೆಗೆ ಉತ್ತರಿಸುವ ಜಾವಾ ಕೋಡಿಗೆ, ಬಂದ ಕೂಡಲೇ ಆ ಸ್ಟ್ರಿಂಗಿನ ಉದ್ದವನ್ನೂ ಮೊದಲ ಅಕ್ಷರದ ಸಂಖ್ಯೆಯನ್ನೂ ಬರೆಸಿ. ಕ, ನ, ಹಲಂತ ಚಿಹ್ನೆ, ನ, ಡ ಎಂದು ಅದರಲ್ಲಿ 5 ಸಂಕೇತಗಳಿವೆ. 5 ಮತ್ತು 3221 ಬಂದರೆ ಇಲ್ಲಿಯವರೆಗೆ ಸರಿ, ದೋಷ ಮುಂದೆಲ್ಲೋ ಇದೆ. 15 ಮತ್ತು 224 ಬಂದರೆ ಒಳಬರುವ ಬಾಗಿಲಲ್ಲೇ ತಪ್ಪು ಓದಲಾಗಿದೆ. 5 ಮತ್ತು 63 ಬಂದರೆ ಇಷ್ಟರೊಳಗೇ ಯಾರೋ ಅದನ್ನು ಕೊಂದಿದ್ದಾರೆ. ಡೇಟಾಬೇಸಿನಲ್ಲಿ ಒಂದು 'ಕನ್ನಡ'ಕ್ಕೆ 15 ಪ್ರಶ್ನೆ ಚಿಹ್ನೆಗಳು ಸಿಕ್ಕಿದರೆ, ಮೊದಲು ತಪ್ಪಾಗಿ ಓದಿ ನಂತರ ತಪ್ಪಾಗಿ ಬರೆದ ಎರಡು ದೋಷಗಳು ಕೂಡಿಕೊಂಡಿವೆ ಎಂದು ಬಹುಮಟ್ಟಿಗೆ ಹೇಳಬಹುದು. ಪ್ರತಿ ಹಂತದಲ್ಲೂ ಈ ಎರಡು ಅಂಕಿಗಳನ್ನು ಬರೆಸುತ್ತ ಹೋದರೆ ಹೆಚ್ಚಿನ ಪ್ರಕರಣಗಳು ಅರ್ಧ ಗಂಟೆಯಲ್ಲಿ ಬಿಡಿಸಿಕೊಳ್ಳುತ್ತವೆ. ಎರಡು ಸಾಲಿನ ಕೋಡು. ಅದನ್ನು ಬರೆಯುವ ಬದಲು ಎರಡು ದಿನ ಫಾಂಟ್ ಹಂಚುತ್ತಾರೆ.

ಒಳಬರುವ ಬಾಗಿಲಿನ ವಿಷಯದಲ್ಲಿ ಗೊತ್ತಿರಬೇಕಾದದ್ದು ಸ್ವಲ್ಪವೇ. ಬ್ರೌಸರ್ ಫಾರ್ಮನ್ನು ಕಳುಹಿಸುವಾಗ ಅದು ಯಾವ ಎನ್‌ಕೋಡಿಂಗ್ ಎಂದು ಸಾಮಾನ್ಯವಾಗಿ ತಿಳಿಸುವುದಿಲ್ಲ. ತಿಳಿಸದಿದ್ದರೆ ಐಎಸ್‌ಒ-8859-1 ಎಂದೇ ತಿಳಿಯಬೇಕೆಂಬುದು ಸರ್ವ್ಲೆಟ್ ನಿಯಮ. ಅದಕ್ಕಾಗಿಯೇ ಯುಟಿಎಫ್-8 ಎಂದು ಹೇಳುವ ಫಿಲ್ಟರ್, ಅಂದರೆ ಕೋರಿಕೆ ಸರ್ವ್ಲೆಟ್ಟನ್ನು ತಲುಪುವ ಮುನ್ನ ಓಡುವ ಕೋಡು, ಹಾಕುತ್ತೇವೆ. ಆದರೆ ಆ ಮಾತನ್ನು ಮೊದಲ ಪ್ಯಾರಾಮೀಟರನ್ನು (ಬಳಕೆದಾರರು ಕಳುಹಿಸಿದ ಮೌಲ್ಯವನ್ನು) ಓದುವ ಮುನ್ನವೇ ಹೇಳಬೇಕು. ಓದಿದ ಮೇಲೆ ಹೇಳಿದರೆ ಸರ್ವರ್ ಅದನ್ನು ಕೇಳಿಸಿಕೊಳ್ಳುವುದೂ ಇಲ್ಲ, ಕೇಳಿಸಲಿಲ್ಲವೆಂದು ತಿಳಿಸುವುದೂ ಇಲ್ಲ. ಒಮ್ಮೆ ಒಬ್ಬ ಹುಡುಗ ಫಿಲ್ಟರನ್ನು ತೋರಿಸಿ, "ಹಾಕಿಯೇ ಇದ್ದೇವಲ್ಲ ಸಾರ್," ಎಂದು ಅಳುವುದೊಂದು ಬಾಕಿ. ಹಾಕಿದ್ದು ನಿಜ, ಆದರೆ ಅದಕ್ಕೂ ಮೊದಲಿನ ಸಾಲಿನಲ್ಲಿ ಯಾರೋ ಸೇರಿಸಿದ್ದ ಲಾಗಿಂಗ್ ಫಿಲ್ಟರ್ ಬಳಕೆದಾರರ ಹೆಸರನ್ನು ಓದಿ ಬರೆದಿಡುತ್ತಿತ್ತು. ಎರಡು ಸಾಲುಗಳನ್ನು ಅದಲುಬದಲು ಮಾಡಿದೆವು, ಮುಗಿಯಿತು. ಸರ್ವ್ಲೆಟ್ 4.0ರಿಂದ ಇದನ್ನು ಸಂರಚನಾ ಕಡತದಲ್ಲೇ ಬರೆಯಲು ಅವಕಾಶವಿರುವುದರಿಂದ ಈ ಸರದಿಯ ಜಗಳ ತಪ್ಪುತ್ತದೆ.

ಇನ್ನು ನನ್ನ ತಾಳ್ಮೆ ನಿಜವಾಗಿ ಕೆಡುವ ಜಾಗಕ್ಕೆ ಬರುತ್ತೇನೆ. ಇಂಟರ್ನೆಟ್ಟಿನಿಂದ ಎತ್ತಿಕೊಂಡ ಒಂದು ಮಂತ್ರದ ಸಾಲು ನಮ್ಮ ಎಷ್ಟೋ ಹಳೆಯ ಅಪ್ಲಿಕೇಶನ್ನುಗಳಲ್ಲಿದೆ: ಬಂದ ಸ್ಟ್ರಿಂಗನ್ನು ಐಎಸ್‌ಒ-8859-1ರ ಬೈಟುಗಳಾಗಿ ಬಿಚ್ಚಿ, ಆ ಬೈಟುಗಳನ್ನು ಯುಟಿಎಫ್-8 ಎಂದು ಮತ್ತೆ ಓದುವುದು. ತಪ್ಪಾಗಿ ಓದಿದ್ದನ್ನು ಹಿಂದಕ್ಕೆ ತಿರುಗಿಸಿ ಸರಿಯಾಗಿ ಓದುವುದರಿಂದ ಅದು ಕೆಲಸ ಮಾಡುತ್ತದೆ, ಮಾಡಿದ್ದರಿಂದಲೇ ಅಪಾಯ. ಅದು ಮೂಲದ ತಪ್ಪನ್ನು ತಿದ್ದುವುದಿಲ್ಲ. ಆ ತಪ್ಪು ಸದಾ ಇರಲಿ ಎಂದು ಹರಸುತ್ತದೆ. ಮುಂದೆ ಯಾರಾದರೂ ಬಾಗಿಲನ್ನು ಸರಿಪಡಿಸಿದ ದಿನ, ಸರಿಯಾಗಿ ಬಂದ 'ಕ'ವನ್ನೇ ಇದು ಐಎಸ್‌ಒ-8859-1ಕ್ಕೆ ಬಿಚ್ಚಲು ಹೋಗುತ್ತದೆ, ಅಲ್ಲಿ 'ಕ' ಇಲ್ಲ, ಆದ್ದರಿಂದ 63.

ಒಂದು ಸಹಕಾರ ಸಂಘದಲ್ಲಿ ಆದದ್ದು ಇದೇ. ಅವರ ಸದಸ್ಯರ ನೋಂದಣಿ ತಂತ್ರಾಂಶ ಸರ್ವ್ಲೆಟ್ಟುಗಳನ್ನು ಓಡಿಸುವ ಸರ್ವರಾದ ಟಾಮ್‌ಕ್ಯಾಟ್ 7ರ ಮೇಲೆ ಓಡುತ್ತಿತ್ತು. ಬ್ರೌಸರಿನ ವಿಳಾಸದ ಸಾಲಿನಲ್ಲಿ ಬರುವ ಪ್ಯಾರಾಮೀಟರುಗಳನ್ನು ಆ ಆವೃತ್ತಿ ಐಎಸ್‌ಒ-8859-1 ಎಂದು ಓದುತ್ತಿತ್ತು, 8ರಿಂದ ಮುಂದೆ ಯುಟಿಎಫ್-8 ಎಂದು ಓದುತ್ತದೆ. ಸರ್ವರನ್ನು ಹೊಸ ಆವೃತ್ತಿಗೆ ಏರಿಸಿದ ದಿನ ಹೆಸರಿನಿಂದ ಹುಡುಕುವ ಪುಟ ಏನನ್ನೂ ಹುಡುಕದಾಯಿತು, ಏಕೆಂದರೆ ಮಂತ್ರ ಅಲ್ಲಿ ಪ್ರಶ್ನೆ ಚಿಹ್ನೆಗಳನ್ನು ಹುಡುಕುತ್ತಿತ್ತು. ಸದಸ್ಯರನ್ನು ಸೇರಿಸುವ ಫಾರ್ಮ್ ಮಾತ್ರ ಮೊದಲಿನಂತೆ ಇತ್ತು. ಅದರ ಒಡಲಿನಲ್ಲಿ ಬರುವುದಕ್ಕೆ ಹಳೆಯ ನಿಯಮವೇ ಜಾರಿಯಲ್ಲಿತ್ತು. ಹುಡುಕಾಟ ಸರಿಪಡಿಸಲು ಹೊರಟ ಪ್ರೋಗ್ರಾಮರ್ ಎಲ್ಲೋ ಓದಿ ಯುಟಿಎಫ್-8 ಫಿಲ್ಟರನ್ನು ಸೇರಿಸಿದ. ಹುಡುಕಾಟ ಸರಿಹೋಗಲಿಲ್ಲ, ಸರಿಯಿದ್ದ ಫಾರ್ಮ್ ಕೆಟ್ಟಿತು. ಅಂದಿನಿಂದ ಎರಡು ದಿನ ಸೇರಿಸಿದ ಸದಸ್ಯರ ಹೆಸರು, ತಂದೆಯ ಹೆಸರು, ಊರು ಎಲ್ಲವೂ 63ರ ಸಾಲುಗಳಾದವು. ಹೆಸರು ನಮೂದಿಸುತ್ತಿದ್ದ ಗುಮಾಸ್ತೆಗೆ ತೆರೆಯ ಮೇಲೆ ಪ್ರಶ್ನೆ ಚಿಹ್ನೆ ಕಂಡಿತ್ತು. ಫಾಂಟ್ ಹಾಕಿಸಿಕೊಡುತ್ತೇವೆ, ನೀವು ಕೆಲಸ ಮುಂದುವರಿಸಿ ಎಂದು ಅವರಿಗೆ ಹೇಳಲಾಗಿತ್ತು. ಆ ಒಂದು ಮಾತಿನ ಬೆಲೆ ಎರಡು ದಿನದ ದುಡಿಮೆ.

ಕೋಡಿನಲ್ಲಿ ಏನೂ ಬದಲಾಗದೆಯೂ ಇದು ಸಂಭವಿಸಬಹುದು. ಇನ್ನೊಂದು ಕಡೆ ತೆರೆಯ ಮೇಲೆ ಕನ್ನಡ ಸರಿಯಾಗಿದ್ದು ರಸೀದಿಯಲ್ಲಿ ಮಾತ್ರ ಪ್ರಶ್ನೆ ಚಿಹ್ನೆ ಬರುತ್ತಿತ್ತು; ಪ್ರಿಂಟರನ್ನು ಎರಡು ಸಲ ರಿಪೇರಿಗೆ ಕಳುಹಿಸಿದ್ದರು. ಎಂದಿನಿಂದ ಎಂದು ಕೇಳಿದಾಗ, "ಕರೆಂಟ್ ಹೋಗಿ ಬಂದ ಮೇಲೆ ಸಾರ್," ಎಂದರು. ಆ ಉತ್ತರವನ್ನು ಅಸಂಬದ್ಧವೆಂದು ತಳ್ಳಿಹಾಕದೇ ಇದ್ದದ್ದು ನನ್ನ ಅದೃಷ್ಟ. ಅಲ್ಲಿಯವರೆಗೆ ಲಿನಕ್ಸ್ ಸರ್ವರಿನಲ್ಲಿ ಟಾಮ್‌ಕ್ಯಾಟನ್ನು ನಿರ್ವಾಹಕರು ಲಾಗಿನ್ ಆಗಿ ಕೈಯಿಂದಲೇ ಆರಂಭಿಸುತ್ತಿದ್ದರು, ಅವರ ಲಾಗಿನ್ನಿನಲ್ಲಿ ಭಾಷಾ ಸಂಯೋಜನೆ ಯುಟಿಎಫ್-8 ಇತ್ತು. ಕರೆಂಟ್ ಬಂದಾಗ ಯಂತ್ರ ತಾನಾಗಿಯೇ ಟಾಮ್‌ಕ್ಯಾಟನ್ನು ಎಬ್ಬಿಸಿತು, ಆಗ ಅಂಥ ಸಂಯೋಜನೆ ಯಾವುದೂ ಇರಲಿಲ್ಲ. ಅವರದು ಜಾವಾ 8. ಜಾವಾ 18ಕ್ಕಿಂತ ಹಿಂದಿನ ಆವೃತ್ತಿಗಳು, ಎನ್‌ಕೋಡಿಂಗ್ ಹೆಸರಿಸದೆ ಬೈಟುಗಳನ್ನು ಕೇಳಿದರೆ ತಾವು ಓಡುತ್ತಿರುವ ಪರಿಸರವನ್ನು ನೋಡಿ ಆರಿಸಿಕೊಳ್ಳುತ್ತವೆ. ಪರಿಸರ ಏನನ್ನೂ ಹೇಳದಿದ್ದರೆ ಲಿನಕ್ಸಿನಲ್ಲಿ ಬರಿಯ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಷ್ಟೇ ಇರುವ ಸಂಕೇತಪಟ್ಟಿ. ರಸೀದಿ ಬರೆಯುವ ಕೋಡಿನಲ್ಲಿ ಎನ್‌ಕೋಡಿಂಗ್ ಹೆಸರಿಸಿರಲಿಲ್ಲ. 2022ರ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆ ಎಂಬುದು ನಿಜ, ಆದರೂ ಕಡತಗಳ ಹೆಸರಿನ ವಿಷಯದಲ್ಲಿ ಪರಿಸರದ ಮಾತೇ ಇಂದಿಗೂ ನಡೆಯುತ್ತದೆ. ಹೊಸ ಜಾವಾ ಇದೆ ಎಂದು ನಿಶ್ಚಿಂತರಾಗಿ ಡಾಕರ್ ಕಂಟೇನರಿನಲ್ಲಿ (ತಂತ್ರಾಂಶವನ್ನು ಪ್ರತ್ಯೇಕವಾಗಿ ಓಡಿಸುವ ಪೊಟ್ಟಣದಲ್ಲಿ) ಕನ್ನಡ ಹೆಸರಿನ ಕಡತ ಉಳಿಸಹೋದವರು ಇದನ್ನು ಬಲ್ಲರು.

ಡೇಟಾಬೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈಎಸ್‌ಕ್ಯುಎಲ್ 8.0ಕ್ಕಿಂತ ಹಿಂದೆ ಟೇಬಲ್ಲುಗಳು ಬೇರೇನೂ ಹೇಳದಿದ್ದರೆ ಕನ್ನಡವಿಲ್ಲದ ಸಂಕೇತಪಟ್ಟಿಯಾದ ಲ್ಯಾಟಿನ್-1 ಆಗುತ್ತಿದ್ದವು, ಕಟ್ಟುನಿಟ್ಟಿನ ಮೋಡ್ ಇಲ್ಲದಿದ್ದರೆ ಎಚ್ಚರಿಕೆಯೊಂದನ್ನು ಗೊಣಗಿ 63 ಉಳಿಸುತ್ತಿದ್ದವು. ಒರೇಕಲ್‌ನಲ್ಲಿ 50 ಎಂದು ಬರೆದ ಅಂಕಣ ಬೇರೆ ಸೂಚನೆಯಿಲ್ಲದಿದ್ದರೆ 50 ಬೈಟು. ಮೂರರಿಂದ ಭಾಗಿಸಿದರೆ ಕನ್ನಡಕ್ಕೆ 16 ಸಂಕೇತ, ನಮ್ಮ ಹೆಸರುಗಳಿಗೆ ಎಲ್ಲಿ ಸಾಕು? ಆದರೆ ಅದು ದೋಷವಾಗಿದೆಯೆಂದು ಕೂಗಿಯಾದರೂ ಹೇಳುತ್ತದೆ.

ಉಳಿಸಿಕೊಳ್ಳುವ ಪ್ರಶ್ನೆಗೆ ಬಂದಾಗ ನಾನು ಮಾತು ಕೊಡುವುದಿಲ್ಲ. ಗೋಜಲು ಅಕ್ಷರಗಳಿದ್ದರೆ ಟೇಬಲ್ಲಿನ ಒಂದು ನಕಲು ತೆಗೆದು, ಆ ನಕಲಿನ ಮೇಲೆ ತಿರುಗಿಸಿ ನೋಡಿ, ನಂತರವಷ್ಟೇ ಅಸಲಿಗೆ ಕೈ ಹಾಕುತ್ತೇನೆ. ತಪ್ಪು ಓದಿದ್ದು ಐಎಸ್‌ಒ-8859-1ರಲ್ಲಿ ಆಗಿದ್ದರೆ ಎಲ್ಲ 256 ಬೈಟುಗಳಿಗೂ ಅದರಲ್ಲಿ ಸ್ಥಾನವಿರುವುದರಿಂದ ಪೂರ್ತಿ ಮರಳುತ್ತದೆ. ವಿಂಡೋಸಿನ ಸಂಕೇತಪಟ್ಟಿಯಾದ ವಿಂಡೋಸ್-1252 ಆಗಿದ್ದರೆ ಕಷ್ಟ. ಅದರಲ್ಲಿ 129, 141, 143, 144, 157 ಈ ಐದು ಸ್ಥಾನಗಳು ಖಾಲಿ, ಜಾವಾ ಅವನ್ನು ಓದುವಾಗಲೇ ಕಳೆದುಬಿಡುತ್ತದೆ. ಐದೇ ಅಲ್ಲವೇ ಎನ್ನಬೇಡಿ. 143 'ಏ'ಯ ಕೊನೆಯ ಬೈಟು, 144 'ಐ'ಯದು, 157 'ಝ'ದು. ಇವಿಲ್ಲದೆ ಹೇಗೋ ಸಾಗುತ್ತದೆ. ಆದರೆ 129 ಉಕಾರದ ಚಿಹ್ನೆಯದು, 141 ಹಲಂತ ಚಿಹ್ನೆಯದು. ಹಲಂತ ಹೋದರೆ ಒತ್ತಕ್ಷರವೇ ಇಲ್ಲ, ಉಕಾರ ಹೋದರೆ 'ಗುರು'ವಿನಲ್ಲಿ ಉಳಿಯುವುದು ಒಂದು 'ಗ', ಒಂದು 'ರ'. ಎರಡೂ ಒಂದೇ ಬಗೆಯಲ್ಲಿ ಕಳೆದುಹೋಗುವುದರಿಂದ ಇಲ್ಲಿ ಇದ್ದದ್ದು ಯಾವುದೆಂದು ಹಿಂದುಮುಂದು ನೋಡಿ ಊಹಿಸಬೇಕು, ಹೆಸರುಗಳಲ್ಲಿ ಊಹೆ ನಡೆಯದು.

ಸಹಕಾರ ಸಂಘದವರಿಗೆ ಆ ಊಹೆಯ ಅವಕಾಶವೂ ಇರಲಿಲ್ಲ. ಮಂತ್ರದ ಸಾಲನ್ನು ಇದ್ದ ಕಡೆಯಿಂದೆಲ್ಲ ತೆಗೆಸಿ, ಫಿಲ್ಟರನ್ನು ಮೊದಲ ಸ್ಥಾನದಲ್ಲಿ ಉಳಿಸಿ, 5 ಮತ್ತು 3221 ಎರಡೂ ಪುಟಗಳಲ್ಲಿ ಬರುವುದನ್ನು ಖಚಿತಪಡಿಸಿಕೊಂಡ ಮೇಲೆ, ಕೆಟ್ಟ ಸಾಲುಗಳ ಪಟ್ಟಿಯನ್ನು ಮುದ್ರಿಸಿಕೊಟ್ಟೆ. ಅಂಕಿಗಳು ಆಸ್ಕಿಯಾದ್ದರಿಂದ ಮೊಬೈಲ್ ಸಂಖ್ಯೆಗಳೂ ದಿನಾಂಕಗಳೂ ಉಳಿದಿದ್ದವು. ಗುಮಾಸ್ತೆ ಕಪಾಟಿನಿಂದ ಅರ್ಜಿಗಳ ಕಂತೆ ತೆಗೆದು ಸಂಖ್ಯೆಯಿಂದ ಸಂಖ್ಯೆಗೆ ತಾಳೆ ನೋಡುತ್ತ ಹೆಸರುಗಳನ್ನು ಮತ್ತೆ ನಮೂದಿಸತೊಡಗಿದರು. ಅರ್ಜಿ ಸಿಗದ ಕೆಲವರಿಗೆ ಫೋನ್ ಮಾಡಿ, ನಿಮ್ಮ ಹೆಸರೇನು ಎಂದು ಅವರನ್ನೇ ಕೇಳಬೇಕಾಯಿತು.