ಒಪ್ಪಿ ಸಹಿ ಹಾಕಿದ ಬಾಡಿಗೆಯನ್ನೂ ಪ್ರಶ್ನಿಸಬಹುದು

ನೆದರ್ಲೆಂಡ್ಸ್‌ನ ಐಂಡ್‌ಹೋವನ್ ಊರಿನ ಒಂದು ಫ್ಲಾಟಿನಲ್ಲಿ ಅಡುಗೆಕಟ್ಟೆ ಅಳೆಯಲು ನಾನು ಟೇಪು ಬಿಚ್ಚಿದಾಗ ಹುಬ್ಬಳ್ಳಿಯ ಹುಡುಗಿ ಗಾಬರಿಯಾದಳು. "ಅಕ್ಕಾ, ಓನರ್‌ಗೆ ಗೊತ್ತಾದ್ರ? ಸಿಟ್ಟಾಗಿ ಮನಿ ಬಿಡ್ಸಿದ್ರ ನಾ ಎಲ್ಲಿಗೆ ಹೋಗ್ಲಿ?"

ಕಟ್ಟೆ ಒಂದು ಮೀಟರ್ ಎಪ್ಪತ್ತು ಸೆಂಟಿಮೀಟರ್ ಇತ್ತು. ಬರೆದುಕೊಂಡೆ. ಎರಡು ಮೀಟರ್ ಇದ್ದಿದ್ದರೆ ಆ ಕಟ್ಟೆಗೆ 7 ಅಂಕ ಸಿಗುತ್ತಿತ್ತು. ಇಲ್ಲದ್ದರಿಂದ 4 ಮಾತ್ರ. ನೆದರ್ಲೆಂಡ್ಸ್‌ನಲ್ಲಿ ಮನೆಗೆ ಬಾಡಿಗೆ ಎಷ್ಟಿರಬೇಕು ಎನ್ನುವುದು ಹೀಗೆ ಅಂಕ ಲೆಕ್ಕ ಹಾಕಿ ನಿರ್ಧಾರವಾಗುತ್ತದೆ. ಹೊಸದಾಗಿ ಬಂದ ನಮ್ಮವರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರುವುದಿಲ್ಲ. ತಿಳಿದವರು ಕೇಳುವುದಕ್ಕೆ ಹೆದರುತ್ತಾರೆ. ಇಲ್ಲಿಗೆ ಕೆಲಸಕ್ಕೆ ಬರುವವರಿಗೆ ಮನೆ ಹುಡುಕಿಕೊಡುವುದು, ಕರಾರು ಓದಿ ಹೇಳುವುದು ನನ್ನ ವೃತ್ತಿ. ಕೈಗೆಟಕುವ ಮನೆ ಇಲ್ಲಿ ಹುಡುಕಿದರೆ ಸಿಗುವುದು ಅಪರೂಪ. ಸಿಕ್ಕ ಮನೆಯ ಬಾಡಿಗೆಯನ್ನು ಕಾನೂನಿನ ಅಳತೆಗೆ ಇಳಿಸಿಕೊಂಡವರು ಮಾತ್ರ ಅನೇಕರಿದ್ದಾರೆ.

ಲೆಕ್ಕ ಕಷ್ಟದ್ದಲ್ಲ. ವಾಸದ ಕೋಣೆಗಳ ಒಂದೊಂದು ಚದರ ಮೀಟರಿಗೆ ಒಂದು ಅಂಕ. ಅಡುಗೆಮನೆ, ಬಚ್ಚಲು, ಬಾಲ್ಕನಿ, ಬಿಸಿಯಾಗುವ ಕೋಣೆಗಳಿಗೆ ಬೇರೆ ಬೇರೆ. ಮನೆ ಎಷ್ಟು ಇಂಧನ ತಿನ್ನುತ್ತದೆ ಎಂದು ತೋರಿಸುವ ಎನರ್ಜಿ ಲೇಬಲ್ ಚೆನ್ನಾಗಿದ್ದರೆ ಅಂಕ ಏರುತ್ತದೆ, ತೀರಾ ಕೆಟ್ಟದಾಗಿದ್ದರೆ ಕಳೆಯಲಾಗುತ್ತದೆ. ನಗರಸಭೆ ನಿಗದಿ ಮಾಡುವ ಆಸ್ತಿ ಮೌಲ್ಯವೂ ಸೇರುತ್ತದೆ. ಆ ಮೌಲ್ಯವನ್ನು ಸರ್ಕಾರದ ಜಾಲತಾಣದಲ್ಲಿ ವಿಳಾಸ ಹಾಕಿ ಯಾರು ಬೇಕಾದರೂ ನೋಡಬಹುದು. ಒಟ್ಟು 143 ಅಂಕದವರೆಗಿನ ಮನೆ ಕೆಳ ಶ್ರೇಣಿ, 144ರಿಂದ 186 ಮಧ್ಯಮ ಶ್ರೇಣಿ, 187 ಮತ್ತು ಮೇಲಿನದಕ್ಕೆ ಬಾಡಿಗೆಯ ಮಿತಿಯಿಲ್ಲ. ಮೊದಲು ಕೆಳ ಶ್ರೇಣಿಗಷ್ಟೇ ಕಡಿವಾಣವಿತ್ತು. 2024ರ ಜುಲೈ 1ರಿಂದ ಹೊಸ ಕರಾರುಗಳಲ್ಲಿ ಮಧ್ಯಮ ಶ್ರೇಣಿಗೂ ಬಂತು. 2025ರ ಲೆಕ್ಕದಲ್ಲಿ 143 ಅಂಕದ ಮನೆಗೆ ಮೂಲ ಬಾಡಿಗೆ (ವಿದ್ಯುತ್, ನೀರಿನಂಥ ಖರ್ಚು ಬಿಟ್ಟು) ಹೆಚ್ಚೆಂದರೆ 900.07 ಯೂರೋ, 186 ಅಂಕಕ್ಕೆ 1,184.82 ಯೂರೋ. ಪ್ರತಿ ವರ್ಷ ಜನವರಿಯಲ್ಲಿ ಈ ಮೊತ್ತಗಳು ಬದಲಾಗುತ್ತವೆ.

ಆ ಹುಡುಗಿ ಕೊಡುತ್ತಿದ್ದುದು 1,450. ನಾವಿಬ್ಬರೂ ಅಡುಗೆಕಟ್ಟೆಯ ಮೇಲೇ ಕಾಗದ ಹರಡಿಕೊಂಡು ಕೂಡಿದಾಗ ಬಂದದ್ದು 152 ಅಂಕ. ಅಂದರೆ ಸುಮಾರು 960 ಯೂರೋ. ಅವಳು ಎರಡು ಸಲ ಕೂಡಿ ನೋಡಿದಳು.

ಅವಳ ಹೆದರಿಕೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು. ಬೆಂಗಳೂರಿನಲ್ಲಿ ನಾನೂ ಬಾಡಿಗೆ ಮನೆಯಲ್ಲಿದ್ದವಳೇ. ಹತ್ತು ತಿಂಗಳ ಅಡ್ವಾನ್ಸ್, ಹನ್ನೊಂದು ತಿಂಗಳ ಅಗ್ರಿಮೆಂಟು, ಓನರ್ ಆಂಟಿಯ ಮುಖ ನೋಡಿಕೊಂಡು ನೆಂಟರನ್ನು ಕರೆಯುವುದು. ಅಲ್ಲಿ ಮನೆ ಉಳಿಯುವುದು ಓನರ್ ಮನಸ್ಸಿನ ಮೇಲೆ. ಇಲ್ಲಿ ಹಾಗಲ್ಲ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಅದಕ್ಕೇ ಕರಾರನ್ನು ಸಾಲುಸಾಲಾಗಿ ಓದಿ ತೋರಿಸುತ್ತೇನೆ. 2024ರ ಜುಲೈ 1ರಿಂದ ಹೊಸ ಕರಾರು ಅನಿರ್ದಿಷ್ಟಾವಧಿಯದ್ದಾಗಿರುವುದೇ ನಿಯಮ. ಬೇರೆ ಊರಿನಿಂದ ಓದಲು ಬಂದ ವಿದ್ಯಾರ್ಥಿಗಳಂಥ ಕೆಲವರಿಗಷ್ಟೇ ವಿನಾಯಿತಿ. ಅಡ್ವಾನ್ಸ್ ಎರಡು ತಿಂಗಳ ಮೂಲ ಬಾಡಿಗೆ ಮೀರುವಂತಿಲ್ಲ. ಮನೆ ಬಿಟ್ಟಾಗ ಹಾನಿಯೇನೂ ಇಲ್ಲದಿದ್ದರೆ 14 ದಿನದಲ್ಲಿ ವಾಪಸ್ ಕೊಡಬೇಕು. ಬಾಡಿಗೆಯ ಬಗ್ಗೆ ದೂರು ಕೊಟ್ಟಿದ್ದಕ್ಕೆ ಬಾಡಿಗೆದಾರರನ್ನು ಹೊರಹಾಕಲು ಕಾನೂನಿನಲ್ಲಿ ದಾರಿಯೇ ಇಲ್ಲ. ನೀವು ಒಪ್ಪದಿದ್ದರೆ ಕರಾರು ಮುರಿಯಲು ಓನರ್ ನ್ಯಾಯಾಲಯಕ್ಕೇ ಹೋಗಬೇಕು, ಅದೂ ಕಾನೂನು ಹೆಸರಿಸಿದ ಕಾರಣಗಳಿಗೆ ಮಾತ್ರ.

ದೂರು ಕೊಡಬೇಕಾದದ್ದು ಹ್ಯೂರ್‌ಕಮಿಸ್ಸಿಗೆ. ಬಾಡಿಗೆ ವಿವಾದಗಳನ್ನು ತೀರ್ಮಾನಿಸಲು ಸರ್ಕಾರವೇ ಇಟ್ಟಿರುವ ಸಂಸ್ಥೆ ಅದು. ಬಾಡಿಗೆದಾರರಿಗೆ ಶುಲ್ಕ 25 ಯೂರೋ, ಗೆದ್ದರೆ ಅದೂ ವಾಪಸ್. ಅವರ ಜಾಲತಾಣದಲ್ಲಿ ಅಂಕ ಲೆಕ್ಕ ಹಾಕುವ ಪುಟವಿದೆ, ಉಚಿತ. 2025ರ ಜನವರಿ 1ರಿಂದ ಹೊಸ ಕರಾರಿನ ಜೊತೆ ಅಂಕಪಟ್ಟಿ ಕೊಡುವುದು ಓನರ್ ಕರ್ತವ್ಯ. ಕೊಡದಿದ್ದರೆ ಕೇಳಿ. ಒಂದು ವಿಷಯವನ್ನು ಮಾತ್ರ ಮರೆಯಬೇಡಿ: ಮಿತಿಯಿಲ್ಲದ ಶ್ರೇಣಿಯದ್ದು ಎಂದು ತೋರಿಸಿ ಕೊಟ್ಟ ಮನೆಯಾದರೆ, ಆರಂಭದ ಬಾಡಿಗೆಯನ್ನು ಪ್ರಶ್ನಿಸಲು ಕರಾರು ಶುರುವಾದ ದಿನದಿಂದ ಆರು ತಿಂಗಳು ಮಾತ್ರ ಸಮಯ. ಏಳನೇ ತಿಂಗಳಲ್ಲಿ ನನ್ನ ಹತ್ತಿರ ಬಂದವರು ಹಲವರಿದ್ದಾರೆ. ಅವರಿಗೆ ಇಲ್ಲ ಎಂದು ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನೆಯ ಕೀಲಿ ಸಿಕ್ಕ ದಿನವೇ ಫ್ರಿಜ್ ಬಾಗಿಲಿಗೆ ಆ ಕೊನೆಯ ತಾರೀಖು ಬರೆದು ಅಂಟಿಸಿ.

ಇಷ್ಟೆಲ್ಲಾ ಮನೆಯೊಳಗೆ ಕಾಲಿಟ್ಟ ಮೇಲಿನ ಮಾತು. ಮೊದಲು ಒಳಗೆ ಹೋಗಬೇಕಲ್ಲ.

ದೇಶದಲ್ಲಿ ಕೊರತೆ ಇರುವುದು ಸುಮಾರು 4 ಲಕ್ಷ ಮನೆಗಳದು. ನಮ್ಮ ಇಂಜಿನಿಯರುಗಳು ಆ ಕೊರತೆಯ ನಡುವೆ ಎಲ್ಲಿ ಸಿಕ್ಕಿಕೊಳ್ಳುತ್ತಾರೆ ನೋಡಿ. ನುರಿತ ವಲಸಿಗರ ವೀಸಾಕ್ಕೆ 2025ರಲ್ಲಿ 30 ತುಂಬದವರಿಗೆ ಕನಿಷ್ಠ ಸಂಬಳ ತಿಂಗಳಿಗೆ 4,171 ಯೂರೋ. ವರ್ಷಕ್ಕೆ ಐವತ್ತು ಸಾವಿರ ದಾಟಿತು. ವಸತಿ ನಿಗಮಗಳ ಅಗ್ಗದ ಮನೆಗೆ ಒಬ್ಬಂಟಿಗರ ಆದಾಯ ಮಿತಿ ಅದೇ ವರ್ಷ 49,669. ಸ್ವಲ್ಪದರಲ್ಲೇ ಆ ಬಾಗಿಲು ಮುಚ್ಚಿತು. ಇತ್ತ ಖಾಸಗಿ ಓನರುಗಳು ಬಾಡಿಗೆಯ ಮೂರು ಪಟ್ಟು, ಕೆಲವರು ನಾಲ್ಕು ಪಟ್ಟು ಸಂಬಳ ಕೇಳುತ್ತಾರೆ. 4,171ಕ್ಕೆ ಮೂರರ ಲೆಕ್ಕದಲ್ಲಿ 1,390, ನಾಲ್ಕರ ಲೆಕ್ಕದಲ್ಲಿ 1,043 ಯೂರೋ ಬಾಡಿಗೆಯವರೆಗೆ ಅರ್ಹತೆ. ಈ ಎರಡು ಅಂಕಿಗಳನ್ನು ತಿಳಿದುಕೊಂಡೇ ಹುಡುಕಾಟ ಶುರು ಮಾಡಿ. ನಿಮ್ಮ ಸಂಬಳಕ್ಕೆ ಹೊಂದದ ಮನೆಗೆ ಅರ್ಜಿ ಹಾಕಿ ವಾರಗಳನ್ನು ಕಳೆಯಬೇಡಿ.

ನಿಗಮದ ಮನೆಗೆ ಈಗ ಅರ್ಹರಲ್ಲದಿದ್ದರೂ ಸರದಿಗೆ ಹೆಸರು ಹಾಕಿಡಿ ಎನ್ನುತ್ತೇನೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಾಯುವುದು ಹತ್ತು ವರ್ಷಕ್ಕೂ ಮೀರಿದೆ, ಆದರೆ ಆದಾಯ ನೋಡುವುದು ಮನೆ ಕೊಡುವಾಗ. ಬದುಕಿನಲ್ಲಿ ಏನೇನು ಬದಲಾಗುತ್ತದೋ ಯಾರಿಗೆ ಗೊತ್ತು. ಹೆಸರು ಹಾಕಿದ ದಿನದಿಂದ ವರ್ಷಗಳು ನಿಮ್ಮ ಖಾತೆಗೆ ಸೇರುತ್ತವೆ.

ಊರಿನ ಆಯ್ಕೆಯಲ್ಲೂ ನಮ್ಮವರದು ಒಂದೇ ದಾರಿ. ಪರಿಚಯದವರಿದ್ದಾರೆ, ದಿನಸಿ ಅಂಗಡಿಯಿದೆ ಎಂದು ಎಲ್ಲರಿಗೂ ಆಮ್‌ಸ್ಟೆಲ್‌ವೇನ್ ಬೇಕು. ಚಿಪ್ ತಯಾರಿಸುವ ಯಂತ್ರಗಳ ಕಂಪನಿ ಎಎಸ್‌ಎಂಎಲ್‌ಗೆ ಬಂದವರಿಗೆಲ್ಲ ಐಂಡ್‌ಹೋವನ್ ಅಥವಾ ವೆಲ್ಡ್‌ಹೋವನ್ನೇ ಬೇಕು. ಹೆಲ್ಮೊಂಡಿನಿಂದ ಐಂಡ್‌ಹೋವನ್ನಿಗೆ ರೈಲಿನಲ್ಲಿ ಹತ್ತು ಹದಿನೈದು ನಿಮಿಷ. ಆಮ್‌ಸ್ಟರ್‌ಡ್ಯಾಮಿನ ಕೆಲಸದವರು ಅಲ್ಮೇರೆ, ಪುರ್ಮರೆಂಡ್, ಲೇಲಿಸ್ಟಾಡ್ ಕಡೆಯೂ ನೋಡಲಿ. ಮೈಸೂರು ರಸ್ತೆಯಲ್ಲಿ ದಿನಾ ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತವರಿಗೆ ಅರ್ಧ ಮುಕ್ಕಾಲು ಗಂಟೆಯ ರೈಲು ಭಾರವಾಗಲಾರದು. ರೈಲಿನ ಖರ್ಚನ್ನು ಕಂಪನಿ ತೆರಿಗೆಯಿಲ್ಲದೆ ಕೊಡಲು ಅವಕಾಶವಿದೆ. ಆಫರ್ ಲೆಟರ್‌ಗೆ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.

ಜಾಹೀರಾತು ಓದುವಾಗ ಮೂರು ಡಚ್ ಪದ ಗೊತ್ತಿರಲಿ. ಖೆಮ್ಯೂಬಿಲೇರ್ಟ್ ಎಂದರೆ ಪೀಠೋಪಕರಣ ಸಮೇತ. ಖೆಸ್ಟೊಫೇರ್ಟ್ ಎಂದರೆ ನೆಲಹಾಸು, ಪರದೆ ಇವೆ. ಕಾಲ್ ಎಂದರೆ ಬರಿದು. ಬರಿದು ಎಂದರೆ ಎಷ್ಟು ಬರಿದು ಎನ್ನುವುದು ನಮ್ಮ ಕಲ್ಪನೆಗೆ ಸುಲಭವಾಗಿ ಬರುವುದಿಲ್ಲ. ದಾವಣಗೆರೆಯ ಒಂದು ಕುಟುಂಬ ಫೆಬ್ರುವರಿಯಲ್ಲಿ ಅಂಥ ಮನೆಯ ಬಾಗಿಲು ತೆಗೆದಾಗ ನಾನೂ ಜೊತೆಗಿದ್ದೆ. ಬರೀ ಸಿಮೆಂಟು ನೆಲ, ಹಿಂದಿನವರು ಕಿತ್ತುಕೊಂಡು ಹೋದ ನೆಲಹಾಸಿನ ಅಂಟು ಅಲ್ಲಲ್ಲಿ ಒಣಗಿ ಕೂತಿತ್ತು. ಚಾವಣಿಯಲ್ಲಿ ಬಲ್ಬಿನ ಹೋಲ್ಡರೂ ಇಲ್ಲ, ಎರಡು ತಂತಿ ಇಳಿಬಿದ್ದಿದ್ದವು. ಮಗುವನ್ನು ಕೆಳಗಿಳಿಸದೆ ತಾಯಿ ಒಂದು ಗಂಟೆ ಸೊಂಟದ ಮೇಲೇ ಇಟ್ಟುಕೊಂಡು ನಿಂತಿದ್ದರು. ಅಂಥ ಮನೆಯ ಬಾಡಿಗೆ ಕಡಿಮೆ ಕಂಡರೂ ನೆಲ, ದೀಪ, ಪರದೆಗಳ ಖರ್ಚು ಸೇರಿಸಿ ತೂಗಿ. ಹಿಂದಿನ ಬಾಡಿಗೆದಾರರು ತಮ್ಮ ನೆಲಹಾಸನ್ನು ಮಾರಿಹೋಗುವ ಪದ್ಧತಿ ಇಲ್ಲಿದೆ. ಮನೆ ನೋಡಲು ಹೋದಾಗಲೇ ವಿಚಾರಿಸಿ.

ಇನ್ನು ನೋಂದಣಿ. ನಾಲ್ಕು ತಿಂಗಳಿಗಿಂತ ಹೆಚ್ಚು ಇರಲು ಬಂದವರು ಐದು ದಿನದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ಅಲ್ಲಿಂದಲೇ ನಾಗರಿಕ ಸೇವಾ ಸಂಖ್ಯೆ ಸಿಗುವುದು, ಬ್ಯಾಂಕು, ಆರೋಗ್ಯ ವಿಮೆ, ಸಂಬಳ ಎಲ್ಲವೂ ಅದರ ಮೇಲೆ ನಿಂತಿವೆ. ಆ ಸಂಖ್ಯೆ ಇಲ್ಲದಿದ್ದರೆ ಸಂಬಳದಲ್ಲಿ 52 ಪ್ರತಿಶತ ತೆರಿಗೆ ಹಿಡಿಯಬೇಕಾಗುತ್ತದೆ. "ನೋಂದಣಿ ಸಾಧ್ಯವಿಲ್ಲ" ಎಂದು ಬರೆದ ಜಾಹೀರಾತನ್ನು, ಬಾಡಿಗೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬಿಡಿ. ಮೂವರು ಸ್ನೇಹಿತರು ಸೇರಿ ಮನೆ ಹಿಡಿಯುವುದೂ ಇಲ್ಲಿ ಅಷ್ಟು ಸಲೀಸಲ್ಲ. ಒಂದೇ ಕುಟುಂಬದವರಲ್ಲದ ಮೂವರು ಒಟ್ಟಿಗಿರಲು ಆಮ್‌ಸ್ಟರ್‌ಡ್ಯಾಮಿನಂಥ ಊರುಗಳಲ್ಲಿ ಓನರ್ ಪರವಾನಗಿ ಪಡೆದಿರಬೇಕು. ಅದು ಇದೆಯೇ ಎಂದು ಕೇಳದೆ ಸಹಿ ಹಾಕಬೇಡಿ.

ಓನರ್ ಪರವಾಗಿ ಕೆಲಸ ಮಾಡುವ ಏಜೆಂಟ್ ನಿಮ್ಮಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಕೊಟ್ಟಾಗಿದ್ದರೆ ವಾಪಸ್ ಕೇಳಬಹುದು.

ಮೋಸದ ಬಗ್ಗೆ ಎಷ್ಟು ಸಲ ಹೇಳಿದರೂ ನನಗೆ ಸಮಾಧಾನವಿಲ್ಲ, ಏಕೆಂದರೆ ಹಣ ಕಳೆದುಕೊಂಡವರ ಫೋನು ಬರುವುದು ನಿಂತಿಲ್ಲ. ಕಥೆ ಸಾಮಾನ್ಯವಾಗಿ ಒಂದೇ. ಫೋಟೋ ಚೆಂದ, ಬಾಡಿಗೆ ಕಡಿಮೆ, ಓನರ್ ಪರದೇಶದಲ್ಲಿ. ಕೀಲಿ ಕೊರಿಯರಿನಲ್ಲಿ ಬರುತ್ತದೆ, ಮೊದಲು ಮೂರು ತಿಂಗಳ ಹಣ ಕಳಿಸಿ. ಪಾಸ್‌ಪೋರ್ಟಿನ ಪ್ರತಿಯನ್ನೂ ಕಳಿಸುತ್ತಾರೆ, ಅದು ಹಿಂದೆ ಮೋಸಹೋದ ಇನ್ಯಾರದೋ ಆಗಿರುತ್ತದೆ. ಬೆಂಗಳೂರಿನಲ್ಲೇ ಕೂತು ಮನೆ ಖಚಿತ ಮಾಡಿಕೊಂಡು ಬರಬೇಕೆಂಬ ಆತುರಕ್ಕೆ ಈ ಬಲೆ. ಮನೆಯೊಳಗೆ ನೀವೋ ನಿಮ್ಮ ನಂಬಿಕೆಯವರೋ ನಿಲ್ಲುವವರೆಗೆ ಒಂದು ಯೂರೋ ಕೂಡ ಕಳಿಸಬೇಡಿ. ಮನೆ ಯಾರ ಹೆಸರಿನಲ್ಲಿದೆ ಎಂದು ಕಡಾಸ್ಟರ್ ಎಂಬ ಭೂದಾಖಲೆ ಸಂಸ್ಥೆಯಲ್ಲಿ ಸಣ್ಣ ಶುಲ್ಕ ಕೊಟ್ಟು ನೋಡಬಹುದು. ಮೊದಲ ಒಂದೆರಡು ತಿಂಗಳ ತಾತ್ಕಾಲಿಕ ವಸತಿಯನ್ನು ಸಂಬಳದ ಮಾತುಕತೆಯಲ್ಲೇ ಕಂಪನಿಯಿಂದ ಕೇಳಿ. ಮೊದಲೇ ಕೇಳಿದವರಿಗೆ ಸಿಕ್ಕಿದ್ದನ್ನು ನೋಡಿದ್ದೇನೆ.

ಮಧ್ಯಮ ಶ್ರೇಣಿಗೂ ಮಿತಿ ತಂದ 2024ರ ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. ಬಾಡಿಗೆಗೆ ಮಿತಿ ಬಂದ ಮೇಲೆ ಬಹಳ ಓನರುಗಳು ಬಾಡಿಗೆದಾರರು ಖಾಲಿ ಮಾಡಿದ ಮನೆಗಳನ್ನು ಮಾರತೊಡಗಿದರು. ಮನೆಯೊಳಗಿದ್ದವರಿಗೆ ರಕ್ಷಣೆ ಸಿಕ್ಕಿತು, ಹೊರಗಿರುವವರಿಗೆ ಬಾಡಿಗೆ ಮನೆಗಳು ಕಡಿಮೆಯಾದವು. ಆದರೂ ನಾನು ಈ ಕಾನೂನಿನ ಪರ. ಒಬ್ಬಳು ಹುಡುಗಿಯ ಸಂಬಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು 62 ಚದರ ಮೀಟರ್ ಗೋಡೆಗೇ ಹೋಗುವುದನ್ನು ಸರಿ ಎನ್ನಲು ನನಗೆ ಆಗುವುದಿಲ್ಲ.

ಅವಳು ಐದನೇ ತಿಂಗಳ ಕೊನೆಯ ವಾರದಲ್ಲಿ ಅರ್ಜಿ ಹಾಕಿದಳು. ತೀರ್ಪಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಹ್ಯೂರ್‌ಕಮಿಸ್ಸಿಯಿಂದ ಬಂದವರೂ ಟೇಪು ಹಿಡಿದು ಅದೇ ಕಟ್ಟೆ ಅಳೆದರು. ಬಾಡಿಗೆ ಇಳಿಯಿತು, ಅದೂ ಕರಾರಿನ ಮೊದಲ ದಿನದಿಂದ ಅನ್ವಯವಾಗುವಂತೆ. ಎಂಟು ವಾರದೊಳಗೆ ಯಾರೂ ನ್ಯಾಯಾಲಯಕ್ಕೆ ಹೋಗದಿದ್ದರೆ ಆ ತೀರ್ಪು ಇಬ್ಬರನ್ನೂ ಕಟ್ಟಿಹಾಕುತ್ತದೆ. ಓನರ್ ಹೋಗಲಿಲ್ಲ. ಹೆಚ್ಚುವರಿ ಕೊಟ್ಟ ಹಣ ಅವಳ ಖಾತೆಗೆ ಬಂದ ವಾರವೇ ಬಚ್ಚಲಿನ ನಲ್ಲಿ ಸೋರತೊಡಗಿತು. ಓನರ್‌ಗೆ ಮೆಸೇಜ್ ಮಾಡುವ ಮೊದಲು ಅವಳು ನನಗೆ ಫೋನ್ ಮಾಡಿ, "ಅಕ್ಕಾ, ಈಗ ಹೇಳಬಹುದೇನು?" ಎಂದು ಕೇಳಿದಳು. ಹೇಳು ಎಂದೆ. ಮರುದಿನ ಪ್ಲಂಬರ್ ಬಂದ.