ಎಂಟನೇ ಕ್ಲಾಸಿಗೆ ಬಂದರೂ ಓದು ಬಾರದ ಮಕ್ಕಳು: ಮಂಡ್ಯ, ಮೈಸೂರಿನ ಹಿನ್ನೆಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಮಂಡ್ಯದಲ್ಲೂ ಮೈಸೂರಿನಲ್ಲೂ ಒಂದೇ ಮಾತು. ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು, ಯಾಕೆ ಕೆಳಗಿಳಿಯಿತು, ತಪ್ಪು ಯಾರದು. ಕೆಲವರು ಮೇಷ್ಟ್ರುಗಳನ್ನು ಬೈಯುತ್ತಾರೆ, ಕೆಲವರು ಮೊಬೈಲನ್ನು, ಕೆಲವರು ಅಪ್ಪ ಅಮ್ಮನನ್ನು. ಈಚಿನ ವರ್ಷಗಳಲ್ಲಿ ಗೊಂದಲ ಇನ್ನೂ ಜಾಸ್ತಿಯಾಗಿದೆ. ಗ್ರೇಸ್ ಅಂಕ, ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೋಡುವ ವೆಬ್‌ಕಾಸ್ಟಿಂಗ್, ವರ್ಷಕ್ಕೆ ಮೂರು ಪರೀಕ್ಷೆ, ಐದು, ಎಂಟು, ಒಂಬತ್ತನೇ ತರಗತಿಗಳಿಗೂ ಬೋರ್ಡ್ ಪರೀಕ್ಷೆ, 2024ರ ಏಪ್ರಿಲ್‌ನಲ್ಲಿ ಅದರ ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನ ತಡೆ. ಇಷ್ಟೆಲ್ಲದರ ನಡುವೆ ಹೈಸ್ಕೂಲ್ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಒಂದು ಸಂಗತಿ ಮಾತಿಗೇ ಬರುವುದಿಲ್ಲ. ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರುವ ಮಕ್ಕಳಲ್ಲಿ ಹಲವರಿಗೆ ಒಂದು ಪುಟ ಕನ್ನಡ ಓದಲು ಬರುವುದಿಲ್ಲ.

ಇದು ನಮ್ಮ ಎರಡು ಜಿಲ್ಲೆಗಳ ಪಾಡು ಮಾತ್ರ ಅಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು 2005ರಿಂದ ನೋಡುತ್ತಾ ಬಂದ 'ಅಸರ್' ಸಮೀಕ್ಷೆ 2017ರಲ್ಲೂ 2023ರಲ್ಲೂ 14ರಿಂದ 18 ವಯಸ್ಸಿನವರ ಕೈಗೆ ಎರಡನೇ ತರಗತಿ ಮಟ್ಟದ ಪಾಠ ಕೊಟ್ಟು ಓದಿಸಿತು. ಎರಡು ಸಲವೂ ಸುಮಾರು ಕಾಲುಭಾಗದಷ್ಟು ಹುಡುಗ ಹುಡುಗಿಯರಿಗೆ ತಮ್ಮ ಭಾಷೆಯಲ್ಲೇ ಅದನ್ನು ಸರಾಗವಾಗಿ ಓದಲು ಆಗಲಿಲ್ಲ. ದೇಶದ ಹಲವು ರಾಜ್ಯಗಳನ್ನು ಸೇರಿಸಿ ತೆಗೆದ ಲೆಕ್ಕ ಇದು. ಮದ್ದೂರಿನದೋ ನಂಜನಗೂಡಿನದೋ ಒಂದು ಎಂಟನೇ ತರಗತಿಗೆ ಹೋಗಿ ಕೂತರೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಹಿಂದೆ ಹೀಗಿರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಒಂದು ಅರ್ಥದಲ್ಲಿ ನಿಜ. ಹಳೇ ಮೈಸೂರು ಸಂಸ್ಥಾನದಲ್ಲಿ 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು, 1940ರ ದಶಕದಲ್ಲಿ ವಯಸ್ಕರ ಶಿಕ್ಷಣದ ಚಳವಳಿ ಮೈಸೂರಿನಿಂದ ಹಳ್ಳಿಗಳಿಗೆ ಹಬ್ಬಿತು. ಅರವತ್ತರ ದಶಕ ಒಂದರಲ್ಲೇ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು, ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಮೂರೂ ತಲೆಯೆತ್ತಿದವು. ಆದರೆ ಆ ಕಾಲದಲ್ಲಿ ಹೈಸ್ಕೂಲಿಗೆ ಮೊದಲೇ ಒಂದು ಜರಡಿ ಇತ್ತು. ಮೊದಲು ಎಲ್.ಎಸ್. ಅಂದರೆ ಲೋಯರ್ ಸೆಕೆಂಡರಿ ಪರೀಕ್ಷೆ, ಆಮೇಲೆ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ. ಓದು ಬಾರದ ಮಗು ಮೂರಲ್ಲೋ ನಾಲ್ಕಲ್ಲೋ ಶಾಲೆ ಬಿಟ್ಟು ದನ ಮೇಯಿಸಲು, ರೇಷ್ಮೆ ಹುಳಕ್ಕೆ ಸೊಪ್ಪು ಕುಯ್ಯಲು ಹೋಗುತ್ತಿತ್ತು. ಹಾಗಾಗಿ ಹೈಸ್ಕೂಲಿನಲ್ಲಿ ಓದಿನ ಸಮಸ್ಯೆ ಕಾಣುತ್ತಿರಲಿಲ್ಲ. ಕಾಣದ್ದಕ್ಕೆ ಕಾರಣ ಮಕ್ಕಳೆಲ್ಲ ಓದುತ್ತಿದ್ದರು ಅಂತಲ್ಲ, ಓದಲು ಬಾರದವರು ಅಲ್ಲಿ ಇರಲೇ ಇಲ್ಲ. ಈಗ ಅವರೂ ಬೆಂಚಿನ ಮೇಲೆ ಕೂತಿದ್ದಾರೆ. ಇದನ್ನು ಕುಸಿತ ಅನ್ನುವ ಮುಂಚೆ ಸ್ವಲ್ಪ ಯೋಚಿಸಬೇಕು.

ಮಕ್ಕಳನ್ನು ಶಾಲೆಯಲ್ಲಿ ಉಳಿಸುವ ಕೆಲಸ ಜೋರಾಗಿ ಶುರುವಾದದ್ದು ತೊಂಬತ್ತರ ದಶಕದಲ್ಲಿ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಜನರ ಬಾಯಲ್ಲಿ ಡಿಪಿಇಪಿ, ಕರ್ನಾಟಕದಲ್ಲಿ ಮೊದಲು ಹಿಡಿದ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಮೈಸೂರು ಎರಡನೇ ಹಂತದಲ್ಲಿ ಸೇರಿತು. ಅದೇ ಹೊತ್ತಿಗೆ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ ಕಲಿ' ಹುಟ್ಟಿತು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದರು, ಯುನಿಸೆಫ್ ಬೆಂಬಲ ಕೊಟ್ಟಿತು. ಕಾರ್ಡುಗಳು, ಏಣಿಯ ಮೆಟ್ಟಿಲುಗಳು, ಮಗು ತನ್ನ ವೇಗದಲ್ಲೇ ಹತ್ತುವ ಕಲಿಕೆ. ಎರಡು ದಿನ ರಜೆ ಹಾಕಿ ಬಂದ ಮಗು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ಕೂಲಿಗೆ ಹೋಗುವ ಮನೆಗಳ ಮಕ್ಕಳಿಗೆ ಇದಕ್ಕಿಂತ ಹೊಂದುವ ವಿಧಾನ ಕಡಿಮೆ. 2009ರ ಹೊತ್ತಿಗೆ ಅದು ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಬಿಸಿಯೂಟ ಬಂತು, 2006ರಿಂದ ಎಂಟನೇ ತರಗತಿಗೆ ಸೈಕಲ್ ಬಂತು. ಹೈಸ್ಕೂಲು ತುಂಬಿತು.

ನಲಿ ಕಲಿ ಮುಗಿಯುವುದು ಮೂರನೇ ತರಗತಿಗೆ. ನಾಲ್ಕಕ್ಕೆ ಕಾಲಿಟ್ಟ ಮಗುವಿನ ಮುಂದೆ ಕಾರ್ಡಿನ ಬದಲು ಪಠ್ಯಪುಸ್ತಕ. ಕನ್ನಡ ಅಕ್ಷರ ಕಲಿಯಲು ಎಷ್ಟು ಕಾಲ ಬೇಕು ಅನ್ನುವುದನ್ನು ನಾವು ಹಗುರವಾಗಿ ತೆಗೆದುಕೊಂಡಿದ್ದೇವೆ. ವರ್ಣಮಾಲೆಯಲ್ಲಿ 49 ಅಕ್ಷರ ನಿಜ, ಆದರೆ ಕಾಗುಣಿತ ಸೇರಿದರೆ ಲೆಕ್ಕ 400 ದಾಟುತ್ತದೆ, ಒತ್ತಕ್ಷರ ಸೇರಿದರೆ ಇನ್ನೂ ಮೇಲೆ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಹೇಳುವುದೂ ಇದನ್ನೇ. ಅಕ್ಷರಗಳು ಕೈವಶವಾಗುವ ಕೆಲಸ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿಯಲ್ಲೂ ನಡೆಯುತ್ತಲೇ ಇರುತ್ತದೆ. ಅಂದರೆ ಅಕ್ಷರ ಇನ್ನೂ ಗಟ್ಟಿಯಾಗದ ಹೊತ್ತಿಗೇ ಅಕ್ಷರ ಕಲಿಸುವ ಪಾಠ ನಿಂತುಹೋಗುತ್ತದೆ. ಮನೆಯಲ್ಲಿ ಯಾರಾದರೂ ಕೂರಿಸಿಕೊಂಡು ಓದಿಸಿದರೆ ಮಗು ದಾಟಿಕೊಳ್ಳುತ್ತದೆ. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ನಿಂತದ್ದು ಯಾರ ಕಣ್ಣಿಗೂ ಬೀಳದಂತೆ ಆಗಿದ್ದು 2010ರ ನಂತರ. ಆ ವರ್ಷ ಏಪ್ರಿಲ್‌ನಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಮೂರು ಮಾತು ಹೇಳಿತ್ತು. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ. ಎಂಟರವರೆಗೆ ನಪಾಸು ಮಾಡಬೇಡಿ. ಹಿಂದೆ ಉಳಿದು ಬಂದವರಿಗೆ ವಿಶೇಷ ತರಬೇತಿ ಕೊಡಿ. ಮೊದಲ ಎರಡು ಜಾರಿಗೆ ಬರಲು ಒಂದು ಆದೇಶ ಸಾಕಿತ್ತು. ಮೂರನೆಯದಕ್ಕೆ ಜನ ಬೇಕಿತ್ತು, ಹೊತ್ತು ಬೇಕಿತ್ತು. ಅದು ಹಿಂದೆ ಬಿತ್ತು. ಎಫ್‌ಎ, ಎಸ್‌ಎ ಎಂಬ ಮೌಲ್ಯಮಾಪನಗಳು, ಅವಕ್ಕೆ ಗ್ರೇಡುಗಳು ಬಂದವು. ಪ್ರಾಜೆಕ್ಟಿಗೆ ಅಂಕ, ಚಟುವಟಿಕೆಗೆ ಅಂಕ. ನಪಾಸು ಮಾಡಬೇಡಿ ಅಂದದ್ದು ಸರಿಯಾಗಿಯೇ ಇತ್ತು ಎಂದು ನಾನು ಇವತ್ತಿಗೂ ನಂಬುತ್ತೇನೆ. ನಪಾಸಾದ ಮಗು ಮರುವರ್ಷ ಓದು ಕಲಿತು ಬರುತ್ತಿರಲಿಲ್ಲ, ಶಾಲೆ ಬಿಡುತ್ತಿತ್ತು ಅಷ್ಟೆ.

ಈ ಮಕ್ಕಳು ಓದು ಬಾರದ್ದನ್ನು ಮುಚ್ಚಿಡುವುದರಲ್ಲಿ ಎಷ್ಟು ಜಾಣರು ಎಂದರೆ ನೋಡಿಯೇ ನಂಬಬೇಕು. ಮಳವಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗನ ಕನ್ನಡ ನೋಟ್ಸ್ ತೆಗೆದು ನೋಡಿದೆ. ದುಂಡಗಿನ ಅಕ್ಷರ, ಒತ್ತು ದೀರ್ಘ ಎಲ್ಲ ಜಾಗದಲ್ಲೇ ಇವೆ, ಕೆಂಪು ಇಂಕಿನಲ್ಲಿ 'ಗುಡ್'. ಓದಪ್ಪ ಅಂದರೆ ಮೊದಲ ಎರಡು ಸಾಲು ಗಡಗಡ ಹೇಳಿದ. ಅವನ ತರಗತಿಯ ಮೇಡಂ ಸುಮ್ನೆ ಆರನೇ ಸಾಲಿನ ಮೇಲೆ ಬೆರಳಿಟ್ಟರು. ಹುಡುಗ ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದ. ಬೆರಳಿಟ್ಟ ಕಡೆಯಿಂದಲೇ ಓದು ಅಂದಾಗ ಮಾತು ನಿಂತಿತು. ಬೋರ್ಡಿನಲ್ಲಿ ಇದ್ದದ್ದನ್ನು ರಂಗೋಲಿ ನೋಡಿ ಬಿಡಿಸಿದ ಹಾಗೆ ಬಿಡಿಸಿದ್ದ, ಪಾಠವನ್ನು ಕಿವಿಯಲ್ಲಿ ಕೇಳಿ ನೆನಪಿಟ್ಟುಕೊಂಡಿದ್ದ. ಎಂಟು ವರ್ಷ ಹೀಗೇ ನಡೆಸಿಕೊಂಡು ಬಂದ ಹುಡುಗನನ್ನು ದಡ್ಡ ಅನ್ನಲು ಸಾಧ್ಯವೇ?

ಅವನ ಸಮಾಜ ವಿಜ್ಞಾನದ ಪುಸ್ತಕದಲ್ಲಿ 'ಪ್ರಜಾಪ್ರಭುತ್ವ' ಇದೆ, ವಿಜ್ಞಾನದಲ್ಲಿ 'ದ್ಯುತಿಸಂಶ್ಲೇಷಣೆ' ಇದೆ. ಮನೆ, ಮರ, ಕಬ್ಬು, ಗದ್ದೆ ಓದಬಲ್ಲ ಮಗುವೂ ಇಲ್ಲಿ ಒಂದೊಂದೇ ಅಕ್ಷರ ಬಿಡಿಸಬೇಕು. ಬಿಡಿಸುವುದರಲ್ಲೇ ಗಮನವೆಲ್ಲ ಖರ್ಚಾಗಿ, ಸಾಲು ಮುಗಿಯುವ ಹೊತ್ತಿಗೆ ಸಾಲಿನ ಶುರು ಮರೆತಿರುತ್ತದೆ. ಅರ್ಥ ಆಗಲಿಲ್ಲ ಅನ್ನುತ್ತಾರಲ್ಲ, ಅಷ್ಟು ದೂರ ಮಗು ಹೋಗಿಯೇ ಇರುವುದಿಲ್ಲ.

ಹೈಸ್ಕೂಲಿನವರು ಯಾಕೆ ಕಲಿಸಬಾರದು ಎಂದು ಕೇಳುವುದು ಸುಲಭ. ಅಕ್ಷರ ಕಲಿಸುವ ತರಬೇತಿ ಇದ್ದದ್ದು ಟಿಸಿಎಚ್, ಡಿ.ಇಡಿ. ಮಾಡಿ ಪ್ರಾಥಮಿಕ ಶಾಲೆಗೆ ಬಂದವರಿಗೆ. ಹೈಸ್ಕೂಲಿಗೆ ಬರುವವರು ಬಿ.ಇಡಿ. ಮಾಡಿದವರು, ಒಂದೊಂದು ವಿಷಯಕ್ಕೆ ನೇಮಕವಾದವರು. ಎಂಎ ಕನ್ನಡ ಓದಿದವರಿಗೆ ಹಳಗನ್ನಡ ಪದ್ಯ ಬಿಡಿಸಲು ಗೊತ್ತು, ಹದಿಮೂರು ವರ್ಷದವನಿಗೆ ಒತ್ತಕ್ಷರ ಹೇಗೆ ದಾಟಿಸಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ವರ್ಷದ ಶುರುವಿಗೆ, ಹಿಂದಿನ ತರಗತಿಯ ಕಲಿಕೆಯನ್ನು ನೆನಪಿಸುವ 'ಸೇತುಬಂಧ' ಇದೆ. ಅದು ಕೆಲವೇ ದಿನದ ಕೆಲಸ, ಮುಗಿದ ಕೂಡಲೇ ಪೋರ್ಷನ್ ಓಡಬೇಕು.

ಹತ್ತನೇ ತರಗತಿಗೆ ಬರುವ ಹೊತ್ತಿಗೆ ಇನ್ನೊಂದು ದಾರಿ ತೆರೆದುಕೊಂಡಿತು. ಅದರ ಹೆಸರು 'ಪಾಸಿಂಗ್ ಪ್ಯಾಕೇಜ್'. ಕನ್ನಡದಲ್ಲಿ ಕಂಠಪಾಠದ ಪದ್ಯ, ಕವಿ ಪರಿಚಯ, ಗಾದೆ ವಿಸ್ತರಣೆ, ಪತ್ರದ ನಮೂನೆ. ಸಮಾಜದಲ್ಲಿ ಭಾರತದ ನಕ್ಷೆ. ವಿಜ್ಞಾನದಲ್ಲಿ ಕಣ್ಣು, ಹೃದಯದ ಚಿತ್ರ. ಇಷ್ಟನ್ನು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಿನಾ ಬರೆಸಿ ಬರೆಸಿ ಕೈಗೆ ಹತ್ತಿಸುವುದು. ಮೇಷ್ಟ್ರುಗಳು ಒಬ್ಬೊಬ್ಬರು ಇಷ್ಟಿಷ್ಟು ಮಕ್ಕಳನ್ನು ದತ್ತು ತೆಗೆದುಕೊಂಡರು, ಬೆಳಗಿನ ಜಾವ ಐದಕ್ಕೆ ಫೋನ್ ಮಾಡಿ ಎಬ್ಬಿಸಿದರು, ಸಂಜೆ ಮನೆ ಬಾಗಿಲಿಗೆ ಹೋದರು. ಅಷ್ಟು ದುಡಿದವರ ಬಗ್ಗೆ ಹಗುರವಾಗಿ ಮಾತಾಡಬಾರದು. ಎಷ್ಟೋ ಹೆಣ್ಣುಮಕ್ಕಳ ಮದುವೆ ಮುಂದೆ ಹೋಗಿದ್ದು ಆ ಪಾಸಿನಿಂದ. ಆದರೆ ಅದೇ ದುಡಿಮೆ ಎಂಟನೇ ತರಗತಿಯ ಜೂನ್‌ನಲ್ಲಿ ಓದಿನ ಮೇಲೆ ಬಿದ್ದಿದ್ದರೆ ಎಂಬ ಪ್ರಶ್ನೆ ಉಳಿಯುತ್ತದೆ. ಪ್ಯಾಕೇಜಿನಲ್ಲಿ ಪಾಸಾದ ಮಗು ಪಿಯುಸಿಗೆ ಹೋದಾಗ ಮತ್ತೆ ಅದೇ ಆರನೇ ಸಾಲಿನ ಎದುರು ನಿಂತಿರುತ್ತದೆ.

ಆಮೇಲಿನದು ಎಲ್ಲರಿಗೂ ನೆನಪಿದೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಊರಿನ ಜಗುಲಿ, ಅರಳಿಕಟ್ಟೆಗಳಲ್ಲಿ ಮೇಷ್ಟ್ರುಗಳೇ ಬಂದು ಕಲಿಸುವ ವಿದ್ಯಾಗಮ ನಡೆದು, ಅದೂ ಅಕ್ಟೋಬರ್‌ನಲ್ಲಿ ನಿಂತಿತು. 2021ರಲ್ಲಿ ಎರಡೇ ದಿನದ, ಸರಿಯುತ್ತರಕ್ಕೆ ಗುರುತು ಹಾಕುವ ಎಸ್ಸೆಸ್ಸೆಲ್ಸಿ ಪರೀಕ್ಷೆ, ಹೆಚ್ಚುಕಡಿಮೆ ಎಲ್ಲರೂ ಪಾಸು. 2022-23ನ್ನು ಕಲಿಕಾ ಚೇತರಿಕೆಯ ವರ್ಷ ಅಂದರು. 2023ರ ಎಸ್ಸೆಸ್ಸೆಲ್ಸಿಯಲ್ಲಿ ಮಂಡ್ಯ ಶೇ 96.74 ಪಡೆದು ರಾಜ್ಯಕ್ಕೇ ಎರಡನೆಯದಾಯಿತು, ಪಟಾಕಿ ಹೊಡೆದದ್ದೂ ಆಯಿತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಮಂಡ್ಯದ ಆ ಎತ್ತರ ಉಳಿಯಲಿಲ್ಲ. 2025ರ ಮೊದಲ ಪರೀಕ್ಷೆಯಲ್ಲಿ ಹಾಗೆ ಗ್ರೇಸ್ ಇಲ್ಲದೆ ರಾಜ್ಯಕ್ಕೆ ಬಂದದ್ದು ಶೇ 62.34. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರಾ? ಹಾಗೇನಿಲ್ಲ ಅಲ್ವಾ. ಅಳೆಯುವ ರೀತಿ ಬದಲಾಯಿತು, ಓದು ಇದ್ದಲ್ಲೇ ಇತ್ತು.

ಹಿಂದೆ ಉಳಿಯುವವರು ಯಾರ ಮಕ್ಕಳು ಎಂದು ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಬಳ್ಳಾರಿ ಸೀಮೆಯಿಂದ ಮಂಡ್ಯಕ್ಕೆ ಕಬ್ಬು ಕಡಿಯಲು ಬರುವವರ ಜೊತೆ ಮಕ್ಕಳೂ ಬರುತ್ತಾರೆ. ಹೆಗ್ಗಡದೇವನಕೋಟೆ, ಹುಣಸೂರಿನ ಆದಿವಾಸಿ ಹಾಡಿಗಳಿಂದ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ಸಂಸಾರಗಳಲ್ಲಿ ಮಗುವಿನ ಶಾಲೆ ತಿಂಗಳುಗಟ್ಟಲೆ ತಪ್ಪುತ್ತದೆ. ಜೇನುಕುರುಬರ ಮನೆಯ ಮಾತು ಪುಸ್ತಕದ ಮಾತಲ್ಲ. ಅಷ್ಟು ದೂರ ಯಾಕೆ, ನಮ್ಮ ಊರುಗಳಲ್ಲೇ 'ಹಾಲು' ಬಾಯಲ್ಲಿ 'ಆಲು'. ಕಿವಿಗೆ ಕೇಳದ ಅಕ್ಷರವನ್ನು ಮಗು ಕಣ್ಣಿನಿಂದಷ್ಟೇ ಕಲಿಯಬೇಕು. ಅದಕ್ಕೆ ಹೆಚ್ಚು ಓದು ಬೇಕು, ಬೈಗುಳವಲ್ಲ.

ಇವರಲ್ಲಿ ಕೆಲವರಿಗೆ ಇರುವುದು ಓದಿನ ನ್ಯೂನತೆಯೇ, ಅಂದರೆ ಡಿಸ್‌ಲೆಕ್ಸಿಯಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಗುರುತಿಸುತ್ತದೆ, ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಸಿಗುತ್ತದೆ. ಪರೀಕ್ಷಿಸುವ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಆದರೆ ಅಲ್ಲಿಗೆ ಕರೆದೊಯ್ಯಬೇಕು ಎಂದು ಹಳ್ಳಿಯ ಎಷ್ಟು ಮನೆಗೆ ಗೊತ್ತು? ಒಂದು ದಿನದ ಕೂಲಿ ಬಿಟ್ಟು ಹೋಗಬೇಕು ಬೇರೆ.

ದಾರಿ ಇಲ್ಲವೇ ಇಲ್ಲ ಅಂತಲ್ಲ. ಮಳವಳ್ಳಿಯ ಆ ಮೇಡಂ ಮಾಡಿದ್ದು ದೊಡ್ಡ ಪ್ರಯೋಗವೇನಲ್ಲ. ಬೆಳಗ್ಗೆ ಮೊದಲ ಪೀರಿಯಡ್ ಮೊದಲ ಮೂರು ತಿಂಗಳು ಓದಿಗೇ ಬಿಟ್ಟರು. ಎಂಟನೇ ತರಗತಿಯವರನ್ನು ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಓದಿಸಿ ಮೂರು ಗುಂಪು ಮಾಡಿದರು. ಅಕ್ಷರವೇ ತಪ್ಪುವವರು, ಬಿಡಿಬಿಡಿಯಾಗಿ ಓದುವವರು, ಗಡಗಡ ಓದಿಯೂ ಏನು ಓದಿದೆ ಎಂದು ಹೇಳಲಾಗದವರು. ಮೂವರಿಗೂ ಬೇಕಾದ ಪಾಠ ಬೇರೆ ಬೇರೆ. ಎಲ್ಲರನ್ನೂ 'ನಿಧಾನ ಕಲಿಕೆಯವರು' ಎಂದು ಒಂದೇ ಬೆಂಚಿಗೆ ಕೂರಿಸಿದರೆ ಯಾರಿಗೂ ಉಪಯೋಗವಿಲ್ಲ.

ಅವರು ಒಂದನೇ ತರಗತಿಯ ಪುಸ್ತಕ ಮುಟ್ಟಲಿಲ್ಲ. ಮೀಸೆ ಚಿಗುರುತ್ತಿರುವ ಹುಡುಗನ ಕೈಗೆ 'ಅ ಅರಸ' ಕೊಟ್ಟರೆ ಮರುದಿನ ಅವನು ಬರುವುದಿಲ್ಲ. ಅದರ ಬದಲು ಹಾಲಿನ ಡೇರಿ ಚೀಟಿ ತರಲು ಹೇಳಿದರು. ಲೀಟರ್, ಫ್ಯಾಟ್, ದರ, ಮೊತ್ತ. ಬಸ್ಸಿನ ಬೋರ್ಡು, ಪೇಪರಿನ ಕ್ರಿಕೆಟ್ ಸುದ್ದಿ, ಮಾರಮ್ಮನ ಹಬ್ಬದ ಕರಪತ್ರ. ಒಂದೇ ತುಣುಕನ್ನು ಇಬ್ಬಿಬ್ಬರು ಕೂತು ಮೂರು ನಾಲ್ಕು ಸಲ ಜೋರಾಗಿ ಓದುವುದು, ಒತ್ತಕ್ಷರ ಬಂದ ಕಡೆ ನಿಲ್ಲುವುದು, ಕೊನೆಗೆ ಏನಿತ್ತು ಎಂದು ಪಕ್ಕದವರಿಗೆ ಹೇಳುವುದು. ದಸರಾ ರಜೆಗೆ ಮುಂಚೆ ನೋಟ್ಸ್ ಹುಡುಗ ಹಬ್ಬದ ಕರಪತ್ರವನ್ನು ಎಲ್ಲಿಂದ ಕೇಳಿದರೆ ಅಲ್ಲಿಂದ ಓದುತ್ತಿದ್ದ. ನಿಧಾನವಾಗಿ, ಆದರೆ ಓದುತ್ತಿದ್ದ. ಪೋರ್ಷನ್ ಹಿಂದೆ ಬಿತ್ತು ಎಂದು ಮೇಡಂ ವಿವರಣೆ ಬರೆದುಕೊಡಬೇಕಾಯಿತು.

ಈಗಿನ ಕಾರ್ಯಕ್ರಮಗಳನ್ನು ಸಾಲಾಗಿ ಇಟ್ಟು ನೋಡಿ. ನಲಿ ಕಲಿ ಮೂರರವರೆಗೆ. 2021ರಲ್ಲಿ ಬಂದ, ಓದು ಲೆಕ್ಕ ಕಲಿಸುವ ಕೇಂದ್ರದ ಯೋಜನೆ ನಿಪುಣ್ ಭಾರತ್‌ನ ಗುರಿಯೂ ಮೂರನೇ ತರಗತಿ. ಓದು ಕರ್ನಾಟಕ ನಾಲ್ಕು, ಐದಕ್ಕೆ. ಹಿಂದೆ ಬಿದ್ದವರಿಗೆ ಮತ್ತೆ ಕಲಿಸುವ ಮರುಸಿಂಚನದಂಥವು ಅದಕ್ಕಿಂತ ಮೇಲಿನ ತರಗತಿಗಳ ಕಡೆ ತಿರುಗಿದ್ದು ತೀರಾ ಈಚೆಗೆ. ಎಂಟರಿಂದ ಹತ್ತರವರೆಗಿನ ವೇಳಾಪಟ್ಟಿಯಲ್ಲಿ ಓದು ಕಲಿಸಲು ಎಂದೇ ಇಟ್ಟ ಪೀರಿಯಡ್ ಇಲ್ಲ. ಪ್ರಾಥಮಿಕ ಶಾಲೆಯಿಂದ ಟಿಸಿ ಬರುತ್ತದೆ, ಗ್ರೇಡ್ ಬರುತ್ತದೆ, ಜಾತಿ, ಹುಟ್ಟಿದ ದಿನ ಎಲ್ಲ ಬರುತ್ತದೆ. ಈ ಮಗು ಒಂದು ಪುಟ ಓದುತ್ತದೋ ಇಲ್ಲವೋ ಅನ್ನುವ ಸಾಲು ಅದರಲ್ಲಿ ಇರುವುದಿಲ್ಲ. ಅದನ್ನು ಬರೆದು ಕಳಿಸಲು ಹೊಸ ಯೋಜನೆ ಬೇಕಿಲ್ಲ, ಏಳನೇ ತರಗತಿಯ ಮೇಷ್ಟ್ರಿಗೆ ಅದು ಮಾರ್ಚ್‌ನಲ್ಲೇ ಗೊತ್ತಿರುತ್ತದೆ.