ಕಂಪನಿ ನಿಲ್ಲಿಸಿದ ಆಟಿಕಿಗೆ ಸ್ಪೇರ್ ಎಲ್ಲಿಂದ ಬರ್ತಾವ?

ಓದುಗರ ಪ್ರಶ್ನೆ: "ಅಣ್ಣಾರ, ನಾ ಸಣ್ಣವಿದ್ದಾಗ ನಮ್ಮ ಮಾಮಾ ಕೊಡಿಸಿದ್ದ ಜಿ.ಐ. ಜೋ ಗೊಂಬಿ ಇನ್ನೂ ಅದಾವ್ರಿ. ಮೊನ್ನೆ ಮಗನಿಗೆ ಕೊಡೋಣಂತ ತಗದ್ರ ಸೊಂಟದ ಕಡೆ ಬಿಟ್ಟು ಎರಡು ಭಾಗ ಆಗಿ ಕೈಯಾಗ ಬಂತು. ಅಂಗಡ್ಯಾಗ ಕೇಳಿದ್ರ ಅದು ಬರೋದ ನಿಂತು ಯಾವ ಕಾಲ ಆತು ಅಂತಾರ. ಮತ್ತ ಹೊರಗಿನ ಮಂದಿ ಇಂಥವನ್ನ ಹೆಂಗ ಇನ್ನೂ ಚಂದ ಇಟ್ಕೊಂಡಾರ, ಸ್ಪೇರ್ ಎಲ್ಲಿ ಸಿಗ್ತಾವ ಅವ್ರಿಗೆ?" (ಸಿಂಧನೂರಿನಿಂದ ಒಬ್ರು)

ಉತ್ತರ:

ನಿಮ್ಮ ಗೊಂಬಿ ಮುರಿದಿಲ್ರಿ, ಒಳಗಿನ ರಬ್ಬರ್ ಹೋಗೈತಿ ಅಷ್ಟ. ಅಮೆರಿಕಾದ ಹ್ಯಾಸ್‌ಬ್ರೋ ಕಂಪನಿ 1982ರಾಗ ಈ 3¾ ಇಂಚಿನ ಸೈನಿಕರ ಗೊಂಬಿ ತಂದಾಗ ಇಡೀ ಮೈ ಒಂದು ಸಣ್ಣ ಕಪ್ಪು ಓ-ರಿಂಗ್, ಅಂದ್ರ ಗುಂಡನ ರಬ್ಬರ್ ಬಳಿ ಮ್ಯಾಲೆ ನಿಲ್ಲೋ ಹಂಗ ಮಾಡಿತ್ತು. ಎರಡು ಕಾಲಿನ ನಡುವ ಒಂದು ಲೋಹದ ಕೊಕ್ಕಿ, ಆ ಕೊಕ್ಕಿಗೆ ರಿಂಗ್ ಸಿಗಿಸಿ ಮ್ಯಾಲಿನ ತುದಿ ಎದಿ ಒಳಗಿರೋ ಗೂಟಕ್ಕ ಹಾಕಿ, ಎದಿ-ಬೆನ್ನು ಎರಡೂ ಕೂಡಿಸಿ ಹಿಂದಿನಿಂದ ಒಂದ ಒಂದು ಸ್ಕ್ರೂ ಬಿಗಿದ್ರ ಮುಗೀತು. ಆ ರಿಂಗ್ ಇರೋದಕ್ಕ ಗೊಂಬಿ ಸೊಂಟ ತಿರುಗಸ್ತಿತ್ತು, ಜೀಪಿನ್ಯಾಗ ಕುಂಡ್ರತಿತ್ತು. ರಬ್ಬರ್ ಅಂದಮ್ಯಾಲೆ ಗಾಳಿಗೆ, ಕಾವಿಗೆ ಒಣಗಿ ಬಿರಿಯೋದ, ಅದರಾಗೂ ನಮ್ಮ ರಾಯಚೂರು ಸೀಮಿ ಬ್ಯಾಸಿಗಿ, ತಗಡಿನ ಕೆಳಗ ಅಟ್ಟದ ಮ್ಯಾಲೆ ಇಟ್ಟಿದ್ರಂತೂ ಇಷ್ಟು ವರ್ಷ ತಡದಿದ್ದ ದೊಡ್ಡದು.

ಈಗ ರಿಪೇರಿ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ತಗೊಂಡು ಬೆನ್ನಿನ ಸ್ಕ್ರೂ ನಿಧಾನ ಬಿಚ್ಚರಿ. ಬಿಚ್ಚೋ ಮೊದಲ ಒಂದು ತಾಟು ಇಲ್ಲಾ ಬಿಳಿ ಬಟ್ಟಿ ಹಾಸ್ಕೊಳ್ರಿ, ಯಾಕಂದ್ರ ತಲಿ, ಎರಡು ತೋಳು, ಕೊಕ್ಕಿ ಎಲ್ಲಾ ಒಮ್ಮೆಲೇ ಉದುರತಾವ, ಕೊಕ್ಕಿ ಕಳದ್ರ ಭಾಳ ಕಷ್ಟ. ಹಳೇ ರಿಂಗಿನ ತುಂಡು ಸಿಕ್ರ ಅದನ್ನ ಎತ್ತಿಡ್ರಿ, ಆದ್ರ ಅಳತಿಗೆ ಅದನ್ನೊಂದ ನಂಬಬ್ಯಾಡ್ರಿ, ಜಗ್ಗಿ ಉದ್ದ ಆಗಿರ್ತೈತಿ, ಗೊಂಬಿನ ಜೋಡಿ ಒಯ್ರಿ. ಎಲ್ಲಿಗೆ ಅಂದ್ರ ಆಟಿಕಿ ಅಂಗಡಿಗಲ್ಲ, ಪಂಪ್‌ಸೆಟ್ ರಿಪೇರಿ ಮಾಡೋರ ಕಡೆ, ಇಲ್ಲಾ ಟಿಪ್ಪರ್ ಜೆಸಿಬಿ ಹೈಡ್ರಾಲಿಕ್ ಸ್ಪೇರ್ ಮಾರೋರ ಕಡೆ. ಬಳ್ಳಾರಿ, ಸಂಡೂರು ಕಡೆ ಗಣಿ ಗಾಡಿ ಓಡಾಡೋದಕ್ಕ ಅಂಥ ಅಂಗಡಿಗೇನ ಬರ ಇಲ್ಲ, ನಿಮ್ಮ ಸಿಂಧನೂರಾಗ ಪಂಪ್ ಅಂಗಡಿ ನಾ ಹೇಳೋದ ಬ್ಯಾಡ. ಸಣ್ಣವು ದೊಡ್ಡವು ಸೈಜಿನ ರಿಂಗ್ ಡಬ್ಬಿಗಟ್ಟಲೆ ಇಟ್ಟಿರ್ತಾರ, ನಾಕೈದು ಸೈಜ್ ತಗೊಂಡ್ ಬರ್ರಿ. ದಪ್ಪ ಆದ್ರ ಎದಿ-ಬೆನ್ನು ಕೂಡಂಗಿಲ್ಲ, ಭಾಳ ಬಿಗಿ ಆದ್ರ ಕಾಲು ಕೂಡೋ ಜಾಗದ ಸಣ್ಣ ಪ್ಲಾಸ್ಟಿಕ್ಕಿನ ಮ್ಯಾಲೆ ಭಾರ ಬಿದ್ದು ಅದ ಒಡೀತೈತಿ, ಸಡಿಲ ಆದ್ರ ಗೊಂಬಿ ಕುಡದವರಂಗ ತೂಗಾಡತೈತಿ. ಸ್ಕ್ರೂ ವಾಪಸ್ ಹಾಕೋವಾಗ ತಾಕತ್ತು ತೋರಿಸಬ್ಯಾಡ್ರಿ, ಪ್ಲಾಸ್ಟಿಕ್ಕಿನ ಒಳಗಿನ ಸುತ್ತು ಸವದ್ರ ಸ್ಕ್ರೂ ಮತ್ತ ಹಿಡಿಯಂಗಿಲ್ಲ.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಬಂತು ನೋಡ್ರಿ. ಇದನ್ನ ಯಾವ ಕಂಪನಿನೂ ಪುಸ್ತಕ ಮಾಡಿ ಕೊಟ್ಟಿಲ್ಲ. ಆಡಿ ಬೆಳದ ಮಂದೀನ ಬಿಚ್ಚಿ ನೋಡಿ, ಯಾವ ರಿಂಗ್ ಹಿಡೀತೈತಿ, ಯಾವ ಗೊಂಬಿಗೆ ಯಾವ ಬಂದೂಕು, ಯಾವ ಬ್ಯಾಗು ಬಂದಿತ್ತು ಅನ್ನೋದನ್ನ ಒಂದೊಂದ ಕೂಡಿಸಿ ಬರದಿಟ್ಟಾರ. ಡಬ್ಬಿ ಹಿಂದ ಆ ಪಾತ್ರದ ಹೆಸರು, ಊರು, ಕೆಲಸ ಎಲ್ಲಾ ಬರದಿದ್ದ ಫೈಲ್ ಕಾರ್ಡ್ ಇರ್ತಿತ್ತಲ್ರಿ, ಲ್ಯಾರಿ ಹಾಮಾ ಬರದಿದ್ದು, ಅದನ್ನ ಕತ್ತರಿಸಿ ಎತ್ತಿಟ್ಟ ಹುಡುಗರು ಇವತ್ತ ಅದನ್ನ ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚ್ತಾರ. ಸೀಲ್ ಒಡೀದ ಡಬ್ಬಿ ಕಪಾಟಿನ್ಯಾಗ ಇಟ್ಟವರನ್ನ ನಾ ಬ್ಯಾಡ ಅನ್ನಂಗಿಲ್ಲ, ಆದ್ರ ಆಟಿಕಿ ಉಳದಿದ್ದು ಅವರಿಂದಲ್ಲ, ಬಿಚ್ಚಿ ನೋಡಿ ಗೊತ್ತಾದದ್ದನ್ನ ಮುಚ್ಚಿಡದ ಹೇಳಿದವರಿಂದ. ಇದನ್ನ ನಾ ಗಟ್ಟಿಯಾಗಿ ನಂಬತೀನಿ.

ಇನ್ನೊಂದು ಗೊತ್ತಿರಲಿ, ನಿಮ್ಮ ಕೈಯಾಗಿರೋದು ಬಹುಶಃ ನಮ್ಮ ದೇಶದ ಫನ್‌ಸ್ಕೂಲ್ ಕಂಪನಿ ಮಾಡಿದ ಗೊಂಬಿ. ಅಮೆರಿಕಾದಾಗ ಈ ಸಾಲು 1994ಕ್ಕ ನಿಂತ್ರೂ ನಮ್ಮಲ್ಲಿ ಫನ್‌ಸ್ಕೂಲ್ ಮಾಡ್ತಾನ ಇತ್ತು, ಬಣ್ಣ ಬ್ಯಾರೆ ಬ್ಯಾರೆ ಹಾಕಿ. ಬ್ರೆಜಿಲ್ಲಿನ್ಯಾಗ ಎಸ್ಟ್ರೆಲಾ ಅನ್ನೋ ಕಂಪನಿನೂ ಹಿಂಗ ಮಾಡಿತ್ತು. ಹಂಗಾಗಿ ಹೊರಗಿನ ಸಂಗ್ರಹದವರು ಇವತ್ತ ನಮ್ಮ ದೇಶದ ಬಣ್ಣದ ಗೊಂಬಿ ಹುಡುಕಾಡ್ತಾರ. ಗುಜರಿಯವನಿಗೆ ಹಾಕೋ ಮೊದಲ ಒಂದ್ಸಲ ವಿಚಾರ ಮಾಡ್ರಿ.

ಹೊಸದಾಗಿ ಮಾಡ್ಕೋಬಾರ್ದ್ಯಾಕ ಅಂತ ಕೇಳ್ತೀರಿ. ನಮ್ಮ ಕೊಪ್ಪಳದ ಕಿನ್ನಾಳ ಗೊಂಬಿ ಆದ್ರ ಚಿತ್ರಗಾರರ ಕೈಯಾಗ ವಿದ್ಯಾ ಐತಿ, ಹಗುರ ಕಟಗಿ ತಂದು ಕೆತ್ತಿ ಬಣ್ಣ ಹಚ್ಚಿ ಮತ್ತೊಂದು ಮಾಡ್ತಾರ. ಪ್ಲಾಸ್ಟಿಕ್ ಗೊಂಬಿಗೆ ಉಕ್ಕಿನ ಅಚ್ಚು ಬೇಕು, ಅಚ್ಚಿಗೆ ಲಕ್ಷಗಟ್ಟಲೆ ರೊಕ್ಕ ಬೇಕು, ಹಳೇ ಅಚ್ಚು ಸವದು ಹೋದ್ರ ಇಲ್ಲಾ ಗುಜರಿಗೆ ಹೋದ್ರ ಕಂಪನಿಗೂ ಆ ಗೊಂಬಿ ಮಾಡಾಕ ಆಗಂಗಿಲ್ಲ. ಅದಕ್ಕ ಅಭಿಮಾನಿಗಳು ಸಣ್ಣ ಪಾರ್ಟ್ ಮಾತ್ರ, ಬಂದೂಕು ಹೆಲ್ಮೆಟ್ ಅಂಥವು, ಸಿಲಿಕಾನ್ ಅಚ್ಚಿನ್ಯಾಗ ರೆಸಿನ್ ಹುಯ್ದು ಇಲ್ಲಾ ತ್ರೀಡಿ ಪ್ರಿಂಟ್ ಹೊಡದು ಮಾಡ್ಕೋತಾರ. ಒಳ್ಳೇರಾದವರು ಇದು ಒರಿಜಿನಲ್ ಅಲ್ಲ ಅಂತ ಹೇಳೇ ಕೊಡ್ತಾರ.

ಅಳತಿ ಬದಲಾಗದ ಆಟಿಕಿಗೆ ಈ ಕೆಲಸ ಭಾಳ ಸಲೀಸು. ಮೆಕ್ಯಾನೋ ನೋಡ್ರಿ, ತೂತಿನ ಲೋಹದ ಪಟ್ಟಿ ನಟ್ಟು-ಬೋಲ್ಟಿನ್ಯಾಗ ಕೂಡಿಸೋ ಆಟಿಕಿ, ಫ್ರ್ಯಾಂಕ್ ಹಾರ್ನ್‌ಬಿ 1901ರಾಗ ಪೇಟೆಂಟ್ ತಗೊಂಡಿದ್ದು, ತೂತಿನಿಂದ ತೂತಿಗೆ ಅರ್ಧ ಇಂಚು. ಅದನ್ನ ಮಾಡ್ತಿದ್ದ ಇಂಗ್ಲೆಂಡಿನ ಲಿವರ್‌ಪೂಲಿನ ಬಿನ್ಸ್ ರೋಡ್ ಫ್ಯಾಕ್ಟರಿ 1979ಕ್ಕ ಬಾಗಲಾ ಹಾಕ್ತು, ಆದ್ರ ಆ ಅರ್ಧ ಇಂಚು ಎಲ್ಲಿ ಹೋಗತೈತಿ, ಸಣ್ಣ ವರ್ಕ್‌ಶಾಪಿನವರು ಅದ ಅಳತಿಗೆ ಪಟ್ಟಿ ಕೊರದು ಮಾರ್ತಾರ, ಹಳೇ ಸೆಟ್ಟಿಗೆ ಸರಿಯಾಗಿ ಕುಂಡ್ರತೈತಿ. ಲೆಗೋದೂ ಹಂಗ, 1958ರ ಪ್ಲಾಸ್ಟಿಕ್ ಇಟ್ಟಿಗಿ ಇವತ್ತಿನದಕ್ಕ ಕೂಡತೈತಿ. ಅದರ ಬಯೋನಿಕಲ್ ಅನ್ನೋ ಸಾಲು 2010ಕ್ಕ ನಿಂತು, 2015ರಾಗ ಬಂದು, ಮರುವರ್ಷನ ಮತ್ತ ನಿಂತ್ರೂ ಮಂದಿ ಹಳೇ ಪಾರ್ಟಿನ್ಯಾಗ ಹೊಸ ಗೊಂಬಿ ಕಟ್ಟೋದು ಬಿಟ್ಟಿಲ್ಲ. ಜೇಮ್ಸ್ ಜೆಸ್ಸಿಮನ್ ಅಂತ ಒಬ್ಬರು ಆಸ್ಟ್ರೇಲಿಯಾದವರು, ಲೆಗೋ ತುಂಡುಗಳನ್ನ ಕಂಪ್ಯೂಟರಿನ್ಯಾಗ ಬರಿಯೋ ಎಲ್‌ಡ್ರಾ ಅನ್ನೋ ಸಾಫ್ಟ್‌ವೇರ್ 1995ರಾಗ ಮಾಡಿ ಪುಕ್ಕಟೆ ಕೊಟ್ರು. 1997ರಾಗ ಅವ್ರು ತೀರ್ಕೊಂಡ್ರು. ಕೆಲಸ ನಿಲ್ಲಲಿಲ್ಲ, ಮುಖ ನೋಡದವರೆಲ್ಲಾ ಸೇರಿ ಒಂದೊಂದ ತುಂಡಿನ ನಕ್ಷಿ ಸೇರಿಸ್ತಾ ಇವತ್ತಿಗೂ ನಡಸ್ಯಾರ. ನಂಗಂತೂ ಈ ಸಂಗತಿ ನೆನದಾಗೆಲ್ಲಾ ಎದಿ ತುಂಬಿ ಬರತೈತಿ.

ಕಡೀಗೆ ನೀವು ಕೇಳದಿದ್ರೂ ಹೇಳಬೇಕಾದದ್ದು, ಈ ಗೊಂಬಿಗಳ ಹೆಬ್ಬಟ್ಟು ಭಾಳ ನಾಜೂಕು, ಬಂದೂಕು ಬಲವಂತಾಗಿ ತುರುಕಿದ್ರ ಮುರೀತೈತಿ, ಫೆವಿಕ್ವಿಕ್ ಹಾಕಿದ್ರ ನಿಲ್ಲಂಗಿಲ್ಲ. ಅದಕ್ಕ ಇರೋ ದಾರಿ ಅಂದ್ರ ಮುರದ ಇನ್ನೊಂದು ಗೊಂಬಿಯ ತೋಳು ತಂದು ಹಾಕೋದು, ಹೆಂಗಿದ್ರೂ ಸ್ಕ್ರೂ ಬಿಚ್ಚಿದಾಗ ತೋಳು ಬಿಡತಾವಲ್ಲ. ಅದಕ್ಕ ಕಾಲಿಲ್ಲದ್ದು, ತಲಿಯಿಲ್ಲದ್ದು ಅಂತ ಯಾವುದನ್ನೂ ಒಗೀಬ್ಯಾಡ್ರಿ, ಒಂದು ಡಬ್ಬ್ಯಾಗ ಹಾಕಿ ಬಿಸಿಲು ಬೀಳದ ಕಡೆ ಇಡ್ರಿ. ಹೊಸ ರಿಂಗ್ ಹಾಕಿದ ಗೊಂಬಿ ಮಗನ ಕೈಗೆ ಕೊಟ್ರ, ಬಂದೂಕು ಮಾತ್ರ ನೀವ ಹಿಡಿಸಿ ಕೊಡ್ರಿ.